ದ್ವೀಪದ ನೀರು ಒಗ್ಗುತ್ತಾ

ಬೇಸಿಗೆಗೆ ಮೂರು ತಿಂಗಳು ಒಂದು ದ್ವೀಪದಲ್ಲಿ ಇದ್ದು ಬರೋಣ, ನೀನೂ ಬಾ ಎಂದು ದೊರೆಸಾನಿ ಕರೆದಾಗ ದ್ವೀಪ ಎಂದರೆ ಏನೆಂದೇ ನನಗೆ ಗೊತ್ತಿರಲಿಲ್ಲ. ಆಕೆ ತಟ್ಟೆಯೊಂದಕ್ಕೆ ನೀರು ಸುರಿದು ನಡುವೆ ಒಂದು ಬಿಸ್ಕತ್ತು ಇಟ್ಟು ತೋರಿಸಿದಳು. ನೀರೇ ಸಮುದ್ರ, ಬಿಸ್ಕತ್ತೇ ದ್ವೀಪ. ನೋಡುತ್ತಿದ್ದಂತೆ ಬಿಸ್ಕತ್ತು ನೆನೆದು ಕರಗಿ ಹೋಯಿತು. ಮಗು ಕೈ ತಟ್ಟಿ ನಕ್ಕಿತು. ನನಗೆ ನಗು ಬರಲಿಲ್ಲ.

ಅದು ಎರಡನೇ ಯುದ್ಧಕ್ಕೆ ಒಂದು ವರ್ಷ ಮುಂಚಿನ ಮಾತು. ಮಂಡ್ಯದ ಸಕ್ಕರೆ ಕಾರ್ಖಾನೆಯ ಮಿಷನ್ನು ನೋಡಿಕೊಳ್ಳಲು ಬಂದಿದ್ದ ಬಿಳಿ ದೊರೆಯೊಬ್ಬನ ಬಂಗಲೆಯಲ್ಲಿ ನಾನು ಆಯಾ ಆಗಿದ್ದೆ. ಅವರ ನಾಲ್ಕು ವರ್ಷದ ಹೆಣ್ಣುಮಗು ನಾನು ಬೆನ್ನು ತಟ್ಟದೆ ಮಲಗುತ್ತಿರಲಿಲ್ಲ. ದೊರೆಸಾನಿಗೆ ನಮ್ಮ ಕಡೆಯ ಸೆಕೆ ಆಗುತ್ತಿರಲಿಲ್ಲ, ಮೈಯೆಲ್ಲ ಬೆವರುಸಾಲೆ ಏಳುತ್ತಿತ್ತು. ಅವಳ ಅಕ್ಕ ಮೆಡಿಟರೇನಿಯನ್ ಸಮುದ್ರದ ಸೈಪ್ರಸ್ ಎನ್ನುವ ದ್ವೀಪದಲ್ಲಿ ಮನೆ ಮಾಡಿಕೊಂಡಿದ್ದಳು. ಅಲ್ಲಿ ಗಾಳಿ ಚೆನ್ನ, ಸಮುದ್ರದ ಸ್ನಾನ ಚೆನ್ನ, ನಿನಗೂ ರಜ ಸಿಕ್ಕಂತೆ ಆಗುತ್ತದೆ ಎಂದು ತನ್ನ ಮುರುಕು ಕನ್ನಡದಲ್ಲಿ ಹೇಳಿದಳು. ಮಗು ನೋಡಿಕೊಂಡೇ ಇರಬೇಕಾದರೆ ಅದು ರಜ ಹೇಗಾಗುತ್ತದೆ ಎಂದು ನಾನು ಕೇಳಲಿಲ್ಲ. ಮನೆಯಲ್ಲಿ ಅತ್ತೆಯನ್ನು ಕೇಳಿ ಹೇಳುತ್ತೇನೆ ಎಂದೆ.

ನನಗೆ ಆಗ ಇಪ್ಪತ್ತೋ ಇಪ್ಪತ್ತೊಂದೋ. ಗಂಡ ವಾಂತಿಭೇದಿಯಲ್ಲಿ ಹೋಗಿ ವರ್ಷದ ಮೇಲಾಗಿತ್ತು. ಮಕ್ಕಳಿರಲಿಲ್ಲ. ಮಂಡ್ಯದಿಂದ ನಡೆದು ಹೋಗುವಷ್ಟು ದೂರದ ಹಳ್ಳಿಯಲ್ಲಿ ನಾನು, ನನ್ನ ಅತ್ತೆ, ಒಂದು ಎಮ್ಮೆ, ಇಷ್ಟೇ ಸಂಸಾರ. ಕೊಪ್ಪದಿಂದ ನನ್ನ ಅಣ್ಣ ಬಂದು ತವರಿಗೆ ಬಾ ಎಂದಿದ್ದ, ನಾನು ಹೋಗಿರಲಿಲ್ಲ. ಹೋಗು ಎಂದು ಅತ್ತೆ ಅಂದಿರಲಿಲ್ಲ, ಇರು ಎಂದೂ ಅಂದಿರಲಿಲ್ಲ. ಗಂಡನೂ ಇಲ್ಲದ ಮಕ್ಕಳೂ ಇಲ್ಲದ ಸೊಸೆಗೆ ಆ ಮನೆಯಲ್ಲಿ ಜಾಗ ಇದೆ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ನನ್ನ ಹೆದರಿಕೆ ಅದೇ. ಹೋಗುವ ಆಸೆ ಇತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಹೊಸಿಲು ದಾಟಿ ಅಷ್ಟು ದೂರ ಹೋದ ಮೇಲೆ ಹಿಂದಿರುಗಿದಾಗ ಆ ಹೊಸಿಲು ನನ್ನದಾಗಿಯೇ ಇರುತ್ತದಾ?

ಅತ್ತೆ ಎಮ್ಮೆಗೆ ಬೂಸಾ ಕಲೆಸುತ್ತಿದ್ದರು. ನಾನು ಹೇಳಿದ್ದನ್ನು ಕೇಳಿಸಿಕೊಂಡು ಕೈ ಕೂಡ ನಿಲ್ಲಿಸಲಿಲ್ಲ.

“ಅಲ್ಲಿ ನೀರು ಎಂಗದಂತೆ?” ಅಂದರು.

ನಮ್ಮ ಅತ್ತೆ ದನದ ವಿಚಾರದಲ್ಲಿ ಗಟ್ಟಿ ಹೆಂಗಸು. ಬೇರೆ ಊರಿನ ಹಸುವಾದರೆ ಕೊಳ್ಳುವುದಕ್ಕೆ ಮುಂಚೆ ನಾಲ್ಕು ದಿನ ಮನೆಯಲ್ಲಿ ಕಟ್ಟಿಕೊಂಡು ನೋಡುತ್ತಿದ್ದರು. ನಮ್ಮ ಬಾವಿಯ ನೀರಿಗೆ ಬಾಯಿ ಹಾಕುತ್ತದಾ, ನಮ್ಮ ಹುಲ್ಲು ಮೂಸಿ ಬಿಡುತ್ತದಾ ತಿನ್ನುತ್ತದಾ, ಸಗಣಿ ಸರಿಯಾಗಿ ಹಾಕುತ್ತದಾ. ಒಗ್ಗಿದರೆ ವ್ಯಾಪಾರ, ಒಗ್ಗದಿದ್ದರೆ ಹೊಡೆದುಕೊಂಡು ಹೋಗಿ ಅಂತ. ನನ್ನ ವಿಚಾರದಲ್ಲೂ ಅವರಿಗೆ ಬೇರೆ ದಾರಿ ಹೊಳೆಯಲಿಲ್ಲ. ನನ್ನನ್ನು ದ್ವೀಪಕ್ಕೆ ಕಳಿಸಿ ನೋಡುವ ಬದಲು ದ್ವೀಪವನ್ನೇ ನಮ್ಮ ಮನೆಗೆ ತಂದು ನನಗೆ ತಿನ್ನಿಸಿ ನೋಡುವುದು ಎಂದು ತೀರ್ಮಾನ ಮಾಡಿದರು.

ಮಾರನೇ ದಿನ ಅವರೇ ಬಂಗಲೆಯ ಅಡುಗೆಮನೆಗೆ ಬಂದು ಕುಳಿತರು. ಅಲ್ಲಿ ಅಡುಗೆ ಮಾಡುತ್ತಿದ್ದವರು ಮಂಡ್ಯದ ಒಬ್ಬ ಸಾಬರು. ಮೊದಲನೇ ಯುದ್ಧದಲ್ಲಿ ಪಟಾಲಮ್ಮಿನ ಸಾಮಾನು ಹೊರುವ ಹೇಸರಗತ್ತೆಗಳ ಹಿಂದೆ ಹೋಗಿ, ಕಾಯಿಲೆ ಬಿದ್ದು, ಅದೇ ಸಮುದ್ರದ ಯಾವುದೋ ದ್ವೀಪದ ಆಸ್ಪತ್ರೆಯಲ್ಲಿ ಮಲಗಿ ಎದ್ದು ಬಂದವರು. ನಮಗೆ ಗೊತ್ತಿದ್ದವರ ಪೈಕಿ ದ್ವೀಪ ಕಂಡಿದ್ದವರು ಅವರೊಬ್ಬರೇ. ಅತ್ತೆ ಕೇಳಿದ್ದಕ್ಕೆಲ್ಲ ಅವರು ಈರುಳ್ಳಿ ಹೆಚ್ಚುತ್ತಲೇ ಉತ್ತರ ಹೇಳಿದರು. ರಾಗಿ ಕಣ್ಣಿಗೂ ಬೀಳುವುದಿಲ್ಲ, ಬ್ರೆಡ್ಡೇ ಗತಿ. ನೆಲ್ಲಿಕಾಯಿಗಿಂತ ಚಿಕ್ಕದಾದ ಒಂದು ಕಾಯಿ ಇದೆ, ಅದನ್ನು ಉಪ್ಪಿನಲ್ಲಿ ಹಾಕಿಟ್ಟು ತಿನ್ನುತ್ತಾರೆ, ಕಹಿ. ಸಮುದ್ರ ಪಕ್ಕದಲ್ಲೇ ಇರುವುದರಿಂದ ಬಾವಿಯ ನೀರು ಸ್ವಲ್ಪ ಉಪ್ಪು. ಎಮ್ಮೆ ಇಲ್ಲ, ಕತ್ತೆ ಬೇಕಾದಷ್ಟಿವೆ.

“ಕತ್ತೆ ಆಲು ಕುಡೀತಾರಾ ಸಾಬ್ರೇ?”

“ತೋಬಾ ತೋಬಾ. ಮೇಕೆ ಹಾಲು ಅಮ್ಮಾ, ಮೇಕೆ ಹಾಲು.”

“ಸರಿ. ಕೆಲ್ಸ ಇಲ್ಲ ಬೊಗ್ಸೆ ಇಲ್ಲ, ಅಲ್ಲಿಗೋಗಿ ಏನ್ ಮಾಡ್ತಾರೆ ಈ ಜನ?”

“ಕೂತ್ಕೋತಾರೆ. ಸಮುದ್ರ ನೋಡ್ತಾರೆ.”

“ನೋಡಿದ್ ಮ್ಯಾಲೆ?”

“ಮತ್ತೆ ನೋಡ್ತಾರೆ.”

ಅತ್ತೆ ಅವರ ಮುಖವನ್ನೇ ನೋಡಿದರು, ತಮಾಷೆ ಮಾಡುತ್ತಿದ್ದಾರೋ ಏನೋ ಎಂದು. ಅವರು ಮಾಡುತ್ತಿರಲಿಲ್ಲ.

ಅವತ್ತಿನಿಂದ ನನಗೆ ಮುದ್ದೆ ನಿಂತಿತು. ಬಂಗಲೆಯಲ್ಲಿ ಉಳಿದ ಬ್ರೆಡ್ಡನ್ನು ಸಾಬರು ಕಟ್ಟಿಕೊಡುತ್ತಿದ್ದರು. ಹೋದ ಚಳಿಗಾಲದಲ್ಲಿ ಉಪ್ಪಿಗೆ ಹಾಕಿದ್ದ ನೆಲ್ಲಿಕಾಯಿಯ ಜಾಡಿಯನ್ನು ಅತ್ತೆ ಅಟ್ಟದಿಂದ ಇಳಿಸಿದರು. ಕುಡಿಯುವ ನೀರಿನ ಗಡಿಗೆಗೆ ಅರ್ಧ ಹಿಡಿ ಉಪ್ಪು ಹಾಕಿ ಕೈಯಾಡಿಸಿದರು. ಸಾರು ಇಲ್ಲ, ಸೊಪ್ಪಿಲ್ಲ. ಬೆಳಗ್ಗೆ ಎದ್ದ ಕೂಡಲೇ ಹೊಟ್ಟೆ ಹೇಗಿದೆ, ನಾಲಗೆ ತೋರಿಸು, ರಾತ್ರಿ ನಿದ್ದೆ ಬಂತಾ ಎಂದು ವಿಚಾರಣೆ. ಪಕ್ಕದ ಮನೆಯವಳಿಗೆ ಇದು ಗೊತ್ತಾಗಿ ಬೇಲಿಯ ಮೇಲಿಂದಲೇ ಕೇಳಿದಳು.

“ಏನಕ್ಕಾ, ಸೊಸೇನ ಉಪ್ಪಿನಕಾಯಿ ಆಕ್ತಿದ್ದೀಯಂತೆ?”

“ಊ ಕಣಮ್ಮಿ. ಓದ್ ಕಡೆ ಕೆಡಬಾರ್ದಲ್ಲ,” ಅಂದರು ಅತ್ತೆ.

ನನಗೇನೂ ಆಗಲಿಲ್ಲ. ಮೊದಲೆರಡು ದಿನ ಹೊಟ್ಟೆ ಖಾಲಿ ಇದ್ದಂತೆ ಅನ್ನಿಸಿತು, ಆಮೇಲೆ ಬ್ರೆಡ್ಡು ಹಿಡಿಸಿತು. ಉಪ್ಪುನೀರೂ ಹಿಡಿಸಿತು. ಹಿಡಿಸಿದಷ್ಟೂ ನನಗೆ ಒಳಗೊಳಗೆ ಸಂಕಟ. ಅತ್ತೆ ಇಷ್ಟು ಮುತುವರ್ಜಿಯಿಂದ ತಯಾರು ಮಾಡುತ್ತಿರುವುದು ನನ್ನನ್ನು ಸಾಗಹಾಕುವುದಕ್ಕೇ ಇರಬೇಕು ಎಂದುಕೊಂಡೆ. ನಾನು ಬ್ರೆಡ್ಡು ತಿಂದು ಮಲಗಿದ ಮೇಲೆ ಅವರು ಒಳಗೆ ಒಬ್ಬರೇ ಕುಳಿತು ಉಣ್ಣುತ್ತಿದ್ದರು. ಬಿಸಿ ಮುದ್ದೆ ಮುರಿಯುತ್ತಿರಬೇಕು ಎಂದು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದೆ.

ಹಡಗು ಒಂದು ಬಾಕಿ ಇತ್ತು. ಸಮುದ್ರದ ಮೇಲೆ ಹೋಗುವಾಗ ತಲೆ ತಿರುಗುತ್ತದೆ, ಕರುಳು ಬಾಯಿಗೆ ಬರುತ್ತದೆ ಎಂದು ಸಾಬರು ಹೇಳಿದ್ದರು. ಅದಕ್ಕೆ ಅತ್ತೆ ಎಮ್ಮೆಯನ್ನು ಪಕ್ಕದ ಮನೆಯವಳಿಗೆ ಒಪ್ಪಿಸಿ, ನನ್ನನ್ನು ಬಸ್ಸಿನಲ್ಲಿ ಮಳವಳ್ಳಿಗೆ, ಅಲ್ಲಿಂದ ಗಾಡಿಯಲ್ಲಿ ಪೂರಿಗಾಲಿಗೆ ಕರೆದುಕೊಂಡು ಹೋದರು. ಪೂರಿಗಾಲಿ ಅವರ ತವರು. ಅಲ್ಲಿ ರಾತ್ರಿ ಉಳಿದು ಬೆಳಗ್ಗೆ ಕಾವೇರಿಗೆ ನಡೆದೆವು. ಹರಿಗೋಲು ಹಾಕುತ್ತಿದ್ದ ಅಂಬಿಗ ಅವರಿಗೆ ಚಿಕ್ಕಂದಿನಿಂದ ಗುರುತು.

“ಅಡಗು ಎಂಗ್ ತೂಗ್ತದೋ ಅಂಗೆ ತೂಗ್ಸು ಕಣ್ಲಾ,” ಅಂದರು ಅತ್ತೆ.

ಅವನು ಹಡಗು ನೋಡಿದವನಲ್ಲ, ಹೇಳಿದವರೂ ನೋಡಿದವರಲ್ಲ. ಅವನು ಸುಳಿಯ ಹತ್ತಿರ ಹೋಗಿ ಹರಿಗೋಲನ್ನು ಗರಗರ ತಿರುಗಿಸಿದ. ದಡ, ಬೆಟ್ಟ, ಹೊಂಗೆಮರ, ಎಲ್ಲ ಸುತ್ತ ಓಡಿದವು. ನಾನು ಅಂಚು ಹಿಡಿದು ಕುಳಿತಿದ್ದೆ. ಏನೂ ಆಗಲಿಲ್ಲ. ಇನ್ನೊಂದು ಸಲ ತಿರುಗಿಸಲಿ ಅನ್ನಿಸಿತು. ಗಂಡ ಹೋದ ಮೇಲೆ ಏನನ್ನಾದರೂ ಇನ್ನೊಂದು ಸಲ ಬೇಕು ಎಂದುಕೊಂಡದ್ದು ಅದೇ ಮೊದಲು. ವಾಂತಿ ಮಾಡಿಕೊಂಡದ್ದು ಅತ್ತೆ.

“ಇವಳ್ನ ಕಳ್ಸವ್ವ, ನೀನು ಮಾತ್ರ ಓಗ್ಬ್ಯಾಡ,” ಎಂದ ಅಂಬಿಗ.

ಅತ್ತೆಗೆ ಸುಧಾರಿಸಿಕೊಳ್ಳಲಿ ಎಂದು ಹೊಳೆಯ ನಡುವಿನ ಒಂದು ದಿಬ್ಬದಲ್ಲಿ ನಮ್ಮನ್ನು ಇಳಿಸಿ ಅವನು ತನ್ನ ಕೆಲಸಕ್ಕೆ ಹೋದ. ಬಂಡೆ, ಮರಳು, ಒಂದಷ್ಟು ಹುಲ್ಲು, ಒಂದು ಮತ್ತಿಮರ. ಸುತ್ತ ನೀರು. ಸಂಜೆ ಬರುತ್ತೇನೆ ಎಂದಿದ್ದ. ಅಲ್ಲಿಯವರೆಗೆ ನಾವಿಬ್ಬರೂ ಸುಮ್ಮನೆ ಕೂರಬೇಕು. ಇಬ್ಬರೂ ಹುಟ್ಟಿದಾಗಿನಿಂದ ಸುಮ್ಮನೆ ಕೂತವರಲ್ಲ. ಅತ್ತೆ ಎದ್ದು ಹುಲ್ಲು ಕೀಳುವುದಕ್ಕೆ ಶುರು ಮಾಡಿದರು. ಒಂದು ಹೊರೆ ಆದ ಮೇಲೆ ಎಮ್ಮೆ ಮಂಡ್ಯದ ಹತ್ತಿರ ಇದೆ ಎಂದು ನೆನಪಾಗಿ ಅದನ್ನು ಅಲ್ಲೇ ಬಿಟ್ಟು ಬಂದು ಕುಳಿತರು. ಸ್ವಲ್ಪ ಹೊತ್ತು ನೀರು ನೋಡಿದೆವು.

“ನೋಡಾಯ್ತು,” ಅಂದರು.

“ಮತ್ತೆ ನೋಡ್ಬೇಕಂತಲ್ಲ ಅತ್ತೆ,” ಅಂದೆ.

ಅವರು ನಕ್ಕರು. ಮಗ ಹೋದ ಮೇಲೆ ಅವರು ನಕ್ಕದ್ದನ್ನು ನಾನು ಕಂಡಿರಲಿಲ್ಲ.

ಹೊಟ್ಟೆ ಹಸಿದಾಗ ಗಂಟು ಬಿಚ್ಚಿದರು. ಒಣಗಿದ ಬ್ರೆಡ್ಡು, ಉಪ್ಪು ನೆಲ್ಲಿ. ಎರಡು ಪಾಲು ಮಾಡಿ ಒಂದನ್ನು ತಾವು ತೆಗೆದುಕೊಂಡು ತಿನ್ನತೊಡಗಿದರು. ಮುಖ ಕಿವುಚಲಿಲ್ಲ. ಬ್ರೆಡ್ಡನ್ನು ಮುರಿದು, ನೆಲ್ಲಿಯ ಹೋಳು ಇಟ್ಟು, ಮಡಿಸಿ ಬಾಯಿಗೆ ಹಾಕುತ್ತಿದ್ದರು. ಅಭ್ಯಾಸ ಆದವರ ಕೈ ಅದು. ನಾನು ನೋಡುತ್ತಲೇ ಇದ್ದೆ.

ನಿಮಗೆ ಮುದ್ದೆ ತರಲಿಲ್ಲವಾ ಎಂದು ಕೇಳಿದೆ. ನೀನು ಬಿಟ್ಟ ದಿನದಿಂದ ನಾನೂ ಬಿಟ್ಟಿದ್ದೀನಿ ಎಂದರು. ಯಾಕೆ ಎಂದು ಕೇಳಿದ್ದಕ್ಕೆ ಬೈದರು.

“ಯಾಕೆ ಅಂದ್ರೆ? ನೀನು ಅಲ್ಲಿ ಕುಂತ್ಕಂಡು ಏನು ತಿಂತಿದ್ದೀಯೆ ಅಂತ ನಂಗೆ ಇಲ್ಲಿ ಗೊತ್ತಾಗದ್ ಬ್ಯಾಡ್ವಾ?”

ಅಷ್ಟು ದಿನ ನನ್ನೊಳಗೆ ಇದ್ದದ್ದನ್ನು ಆಗ ಕೇಳಿಬಿಟ್ಟೆ. ನಾನು ಹೋದರೆ ವಾಪಸ್ಸು ಆ ಮನೆಗೇ ಬರಬಹುದಾ ಎಂದೆ.

ಅವರು ಬಾಯಲ್ಲಿದ್ದದ್ದನ್ನು ನುಂಗಿ, ಹೊಳೆಯ ನೀರು ಬೊಗಸೆಯಲ್ಲಿ ಕುಡಿದು, ಸೆರಗಲ್ಲಿ ಬಾಯಿ ಒರೆಸಿಕೊಂಡರು.

“ನಿನ್ನ ಸಂತೇಲಿ ಮಾರಕ್ಕೆ ಒಡ್ಕಂಡು ಬಂದಿದ್ದೀನಿ ಅಂದ್ಕಂಡಿದ್ಯಾ? ಮೇಯಕ್ಕೆ ಬುಡ್ತಿದ್ದೀನಿ ಕಣಮ್ಮಿ. ಮೇಯ್ಕಂಡು ಮನೆಗೆ ಬಾ.”

ನಾನು ಎದ್ದು ಹೋಗಿ ಮುಖ ತೊಳೆದುಕೊಂಡೆ. ಬಿಸಿಲು ಬಹಳ ಇತ್ತು. ಸಂಜೆ ಅಂಬಿಗ ಬಂದಾಗ ಅತ್ತೆ ಆ ಹುಲ್ಲಿನ ಹೊರೆಯನ್ನು ಬಿಟ್ಟು ಬರಲಾರದೆ ಅವನ ದನಕ್ಕೆ ಕೊಟ್ಟರು.

ಹೋದೆ. ಕಾಗದಪತ್ರ ಎಲ್ಲ ದೊರೆ ಮಾಡಿಸಿದ, ನಾನು ಹೆಬ್ಬೆಟ್ಟು ಒತ್ತಿದೆ. ಅತ್ತೆ ಒಂದು ಚೀಲ ರಾಗಿ ಹುರಿಹಿಟ್ಟು ಕಟ್ಟಿ, ಇದನ್ನು ತೀರಾ ಬೇಕಾದಾಗ ಮಾತ್ರ ತಿನ್ನು ಎಂದರು. ಹಡಗಿನಲ್ಲಿ ದೊರೆಸಾನಿ ಮಲಗಿದವಳು ಏಳಲಿಲ್ಲ. ನಾನು ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡು ಓಡಾಡಿದೆ. ಹರಿಗೋಲಿನ ಮುಂದೆ ಹಡಗು ಏನೂ ಅಲ್ಲ.

ದ್ವೀಪ ಕರಗುವಂಥದ್ದಲ್ಲ. ಬೆಟ್ಟಗುಡ್ಡ ಇದ್ದ ದೊಡ್ಡ ನೆಲ. ಉಪ್ಪಿಗೆ ಹಾಕಿದ ಆ ಕಾಯಿ ನೆಲ್ಲಿಗಿಂತ ಕಹಿ, ಆದರೂ ತಿಂದೆ. ಮೇಕೆ ಹಾಲನ್ನು ಒಡೆಸಿ ಹಿಂಡಿ ಗಟ್ಟಿ ಮಾಡಿದ್ದು ಮಾತ್ರ ನನಗೆ ಸೇರಲಿಲ್ಲ, ಅದಕ್ಕೆ ಹೋತದ ವಾಸನೆ. ಹಗಲು ನಮ್ಮ ಕಡೆಗಿಂತ ಉದ್ದ, ಸೂರ್ಯ ಬೇಗ ಮುಳುಗುತ್ತಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಉಣ್ಣುವವಳಿಗೆ ಯಾವಾಗ ಉಣ್ಣಬೇಕೆಂದೇ ತಿಳಿಯುತ್ತಿರಲಿಲ್ಲ. ಆ ಹೊತ್ತಿನಲ್ಲಿ ಹಿತ್ತಿಲ ಗೋಡೆಯ ಹತ್ತಿರ ಕೂರುತ್ತಿದ್ದೆ. ಆಚೆ ಮನೆಯ ಮುದುಕಿ ಮೇಕೆ ಹಾಲು ಕರೆಯುವುದಕ್ಕೆ ಬರುತ್ತಿದ್ದಳು. ತಲೆಯಿಂದ ಕಾಲಿನವರೆಗೆ ಕಪ್ಪು ಬಟ್ಟೆ. ಒಂದು ದಿನ ಅವಳು ತನ್ನ ಕಪ್ಪು ಬಟ್ಟೆ ಹಿಡಿದು ತೋರಿಸಿ, ಮಣ್ಣಿನ ಕಡೆ ಕೈ ಮಾಡಿದಳು. ನಾನು ಬಳೆಯಿಲ್ಲದ ನನ್ನ ಬರಿಗೈ ತೋರಿಸಿದೆ. ಅವಳು ಮೇಕೆ ಬಿಟ್ಟು ಎದ್ದು ಬಂದು ನನ್ನ ಮಣಿಕಟ್ಟು ಹಿಡಿದುಕೊಂಡು ಅದೇನೋ ಅಂದಳು. ಭಾಷೆ ತಿಳಿಯಲಿಲ್ಲ. ಅವಳಿಗೆ ಹುರಿಹಿಟ್ಟನ್ನು ಹಾಲಲ್ಲಿ ಕಲೆಸಿ ಕೊಟ್ಟೆ. ಬೆರಳು ನೆಕ್ಕಿದಳು. ಚೀಲದ ಅರ್ಧ ಅವಳಿಗೇ ಹೋಯಿತು.

ಆ ಕಡೆಯ ದ್ವೀಪ ಒಗ್ಗುತ್ತದಾ ಎಂದು ಈಗ ಯಾರಾದರೂ ಕೇಳಿದರೆ ಒಗ್ಗುತ್ತದೆ ಎನ್ನುತ್ತೇನೆ. ಸುಮ್ಮನೆ ಕೂರುವುದು ಮೊದಲೇ ಸ್ವಲ್ಪ ಗೊತ್ತಿದ್ದರೆ ಒಳ್ಳೆಯದು.

ಹಿಂದಿರುಗಿ ಮಂಡ್ಯದಲ್ಲಿ ರೈಲು ಇಳಿದವಳು ಬಂಗಲೆಯಲ್ಲಿ ಮಗುವನ್ನು ಮಲಗಿಸಿ ಊರಿಗೆ ನಡೆದೆ. ಮಳೆ ಬಿದ್ದು ಗದ್ದೆಯೆಲ್ಲ ನೀರಾಗಿತ್ತು. ಬಾಗಿಲು ತೆರೆದಿತ್ತು, ಅತ್ತೆ ಇರಲಿಲ್ಲ. ಎಮ್ಮೆ ಕತ್ತೆತ್ತಿ ನೋಡಿ ಮತ್ತೆ ಮೆಲುಕು ಹಾಕಿತು. ಬಾಯಾರಿತ್ತು. ಒಳಗೆ ಹೋಗಿ ಗಡಿಗೆಯಲ್ಲಿ ಚೆಂಬು ಅದ್ದಿ ಒಂದು ಗುಟುಕು ಕುಡಿದೆ.

ನೀರು ಉಪ್ಪಾಗಿತ್ತು.

ಚೆಂಬು ಹಿಡಿದು ನಿಂತೇ ಇದ್ದೆ. ಅಷ್ಟರಲ್ಲಿ ತಲೆಯ ಮೇಲೆ ಹುಲ್ಲು ಹೊತ್ತು ಅತ್ತೆ ಬಂದರು. ಬಂದ್ಯಾ ಎಂದರು. ನನ್ನ ಮುಖ ನೋಡಿದರು, ಚೆಂಬು ನೋಡಿದರು. ಹೊರೆ ಇಳಿಸದೆಯೇ ಕೇಳಿದರು.

“ಇಷ್ಟೇ ಉಪ್ಪಿತ್ತಾ ಅಲ್ಲಿ? ಇಲ್ಲ ಇನ್ನೂ ಜಾಸ್ತಿನಾ?”

“ಇಲ್ಲ ಅತ್ತೆ. ಬೆಟ್ಟದ ನೀರು, ಕತ್ತೆ ಮೇಲೆ ತರೋರು. ಸಿಹಿ ನೀರು. ನಮ್ ಬಾವಿ ನೀರಿನಂಗೇ.”

ಅತ್ತೆ ಹುಲ್ಲನ್ನು ಧೊಪ್ಪನೆ ಕೆಳಗೆ ಹಾಕಿದರು. ಸಾಬರನ್ನು ಅವರು ಬೈದದ್ದನ್ನು ಇಲ್ಲಿ ಹೇಳುವಂತಿಲ್ಲ. ಬೈದು ಮುಗಿಸಿ, ಗಡಿಗೆಯನ್ನು ಅಂಗಳಕ್ಕೆ ಹೊತ್ತು ತಂದು ಅಷ್ಟೂ ನೀರನ್ನು ಚೆಲ್ಲಿ, ಮೂಲೆಯಲ್ಲಿದ್ದ ಬಾವಿ ಹಗ್ಗವನ್ನು ತಂದು ನನ್ನ ಕೈಗೆ ಕೊಟ್ಟರು.

“ನಡಿ, ಒಸಾ ನೀರು ಸೇದ್ಕಂಡು ಬರವ. ನಿಂಗೆ ಇನ್ನೂ ಒಗ್ತದಾ ಏನೋ, ನೋಡ್ಬೇಕು.”

ನಾನು ಹಗ್ಗ ಹಿಡಿದು ಮುಂದೆ ನಡೆದೆ. ಖಾಲಿ ಗಡಿಗೆ ಕಂಕುಳಲ್ಲಿ ಇಟ್ಟುಕೊಂಡು ಅವರು ಹಿಂದೆ ಬಂದರು, ಸಾಬರನ್ನು ಇನ್ನೂ ಬೈಯುತ್ತ.