ಹೂವಿನ ಜೊತೆ ಅಳಿಸಿಹೋದ ಸದ್ದು

ನಾಲ್ಕು ದಿನ ಇದ್ದು ಹೋಗಲು ಮಲೇಶಿಯಾದ ಪುಚೊಂಗ್‌ನಲ್ಲಿರುವ ತಂಗಿಯ ಫ್ಲ್ಯಾಟಿಗೆ ಬಂದವಳು, ಲಾಕ್‌ಡೌನಿನಲ್ಲಿ ವಿಮಾನಗಳು ನಿಂತು ಅಲ್ಲೇ ಉಳಿದೆ. ತಂಗಿ ಶಾಲೆಯ ಟೀಚರು. ನಾನು ಐದನೆಯ ತರಗತಿಗೇ ಶಾಲೆ ಬಿಟ್ಟವಳು. ಅವಳ ತರಗತಿ ಈಗ ಊಟದ ಮೇಜಿನ ಲ್ಯಾಪ್‌ಟಾಪಿನಲ್ಲಿ ನಡೆಯುತ್ತಿತ್ತು. ಒಲೆಯ ಬಳಿ ನಿಂತು ನಾನೂ ಮತ್ತೆ ಶಾಲೆಗೆ ಸೇರಿದಂತೆ ಕೇಳುತ್ತಿದ್ದೆ.

ಒಮ್ಮೆ ಅವಳು ಮಕ್ಕಳಿಗೆ ಮನೆಯ ಒಂದೊಂದು ಸದ್ದನ್ನು ಫೋನಿನಲ್ಲಿ ಹಿಡಿದು ಕಳಿಸಲು ಹೇಳಿದಳು. ಎಲ್ಲವನ್ನೂ ಪೋಣಿಸಿ ಕಥೆ ಕಟ್ಟಬೇಕು. ಅವಳ ಫೋನು ತುಂಬಿತ್ತು. ಸದ್ದುಗಳು ನನ್ನ ಫೋನಿಗೆ ಬಂದವು.

"ಹುಷಾರು ಅಕ್ಕ. ನಿನ್ ಕೈಗೆ ಫೋನ್ ಕೊಟ್ರೆ ಒಂದಿನ ನನ್ನೂ ಡಿಲೀಟ್ ಮಾಡ್ತೀಯ."

ಕುಕ್ಕರಿನ ಸೀಟಿ, ಯಾರದೋ ಅಜ್ಜನ ಗೊರಕೆ, ಬಾಲ್ಕನಿಯ ಮಳೆ. ಕಣ್ಣು ಮುಚ್ಚಿದರೆ ಇಡೀ ಊರು ನೀರಿನಡಿ ಮಲಗಿ ಉಸಿರಾಡುತ್ತಿರುವಂತಿತ್ತು. ತಂಗಿ ಅವನ್ನೆಲ್ಲ ಲ್ಯಾಪ್‌ಟಾಪಿಗೆ ಹಾಕಿಕೊಂಡಳು.

ಮರುದಿನ ಬೆಳಿಗ್ಗೆ ಕೊನೆಯದು ಬಂತು, ಎಂದೂ ಕ್ಯಾಮೆರಾ ಹಾಕದ ಹುಡುಗಿಯಿಂದ. ಲಿಫ್ಟ್ ತೆರೆಯುತ್ತದೆ. ಚಪ್ಪಲಿ ಹತ್ತಿರವಾಗುತ್ತದೆ. ಗ್ರಿಲ್ಲಿಗೆ ಪ್ಲಾಸ್ಟಿಕ್ ಚೀಲ ಸಿಕ್ಕಿಸುವ ಸರಸರ. "ಮಕಾನ್, ಮಕಾನ್," ಮಲಯ್ ಮಾತಿನಲ್ಲಿ ಊಟ ಮಾಡು ಎನ್ನುವ ಗಂಡಸಿನ ದನಿ. ಬಾಗಿಲು ತೆರೆಯುವುದಿಲ್ಲ. ಚಪ್ಪಲಿ ದೂರವಾಗುತ್ತದೆ. ಅವಳಪ್ಪ ಆಸ್ಪತ್ರೆಯ ಕೆಲಸದವನು, ಮನೆಯವರಿಗೆ ರೋಗ ತಗಲದಿರಲೆಂದು ಬೇರೆ ಇದ್ದಾನೆ ಎಂದು ತಂಗಿ ಹೇಳಿದ್ದಳು.

ಕನಸಿನಿಂದ ಎದ್ದವಳಂತೆ, ದಿನದ ಅಭ್ಯಾಸದಲ್ಲಿ, ಊರಿನವರು ಕಳಿಸಿದ ಶುಭೋದಯದ ಹೂಗಳನ್ನು ಅಳಿಸತೊಡಗಿದೆ. ಎಲ್ಲವನ್ನೂ ಒಟ್ಟಿಗೆ ಒತ್ತಿದೆ. ಲ್ಯಾಪ್‌ಟಾಪಿಗೆ ಸೇರುವ ಮೊದಲೇ, ಹೂವಿನ ಜೊತೆ ಆ ಸದ್ದೂ ಹೋಯಿತು.

ತರಗತಿಯಲ್ಲಿ ತಂಗಿ ಆ ಹುಡುಗಿಯನ್ನು ನಿನ್ನ ಸದ್ದು ಎಲ್ಲಿ ಎಂದು ಕೇಳಿದಳು.

"ಸೆಂಟ್, ಟೀಚರ್. ಸೆಂಟ್ ಲಾ." ಕಳಿಸಿದ್ದೇನೆ ಎನ್ನುತ್ತಿದ್ದಳು.

ತಂಗಿ ನನ್ನತ್ತ ತಿರುಗಿದಳು. "ಅಕ್ಕ, ಬಂದಿತ್ತಾ?"

"ಇಲ್ವಲ್ಲ," ಎಂದೆ. ಸೌಟು ಕೈಯಲ್ಲೇ ಇತ್ತು.

ಕಳಿಸದೆ ಕಳಿಸಿದೆ ಅನ್ನಬಾರದು ಎಂದು ತಂಗಿ ಎಲ್ಲರೆದುರು ಅವಳಿಗೆ ಬುದ್ಧಿ ಹೇಳಿದಳು. ಇನ್ನೊಮ್ಮೆ ಕಳಿಸು ಎಂದಾಗ, "ನೆವರ್ ಮೈಂಡ್, ಟೀಚರ್," ಎಂಬ ಸಣ್ಣ ದನಿ ಬಂತು. ಚಿತ್ರ ಮೊದಲೇ ಇರಲಿಲ್ಲ, ಆಮೇಲೆ ಅವಳಿಂದ ದನಿಯೂ ಇಲ್ಲ. ಮಕ್ಕಳು ಕಟ್ಟಿದ ಕಥೆಯಲ್ಲಿ ಸೀಟಿ ಇತ್ತು, ಮಳೆ ಇತ್ತು. ಆ ಅಪ್ಪ ಬರಲಿಲ್ಲ.

ವಿಮಾನಗಳು ಮತ್ತೆ ಹಾರತೊಡಗಿ ನಾನು ಊರಿಗೆ ಹೊರಟ ದಿನ, ಆ ಸದ್ದು ಬಂದಿತ್ತು, ಅಳಿಸಿದ್ದು ನಾನೇ ಎಂದು ಕಾರಿನಲ್ಲಿ ತಂಗಿಗೆ ಹೇಳಿದೆ. ಅಷ್ಟರಲ್ಲಿ ಆ ಹುಡುಗಿ ಶಾಲೆ ಬಿಟ್ಟು ಎಲ್ಲಿಗೋ ಹೋಗಿದ್ದಳು.

"ಏನಿತ್ತು ಅದ್ರಲ್ಲಿ?" ಎಂದಳು ತಂಗಿ.

ಲಿಫ್ಟು, ಚಪ್ಪಲಿ, ಆ ದನಿ, ಎಲ್ಲ ಹೇಳಿದೆ. ಮಡಿಲಲ್ಲಿದ್ದ ಚೀಲವನ್ನು ಉಗುರಿನಿಂದ ಕೆರೆದು ಆ ಸರಸರವನ್ನೂ ಕೇಳಿಸಿದೆ.

ತಂಗಿ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಇಷ್ಟು ಚೆನ್ನಾಗಿ ನೆನಪಿದೆ ನಿಂಗೆ. ಅವತ್ತು ಅವಳ ಮುಂದೆ ಹೇಳ್ಬೇಕಿತ್ತು ಅಕ್ಕ," ಎಂದಳು.