ಗಿಟಾರಿನ ಮುಂದೆ ಎರಡು ಮೈಕ್ರೋಫೋನು

ದೇವರು ಮನುಷ್ಯನಿಗೆ ಎರಡು ಕಿವಿ ಯಾಕೆ ಕೊಟ್ಟ?

ಈ ಪ್ರಶ್ನೆಯನ್ನು ನಾನು ಮುಂಬಯಿಯಿಂದ ಬಂದ ರೆಕಾರ್ಡಿಂಗ್ ಇಂಜಿನಿಯರರಿಗೆ ಕೇಳಿದೆ. ಶಿರಸಿಯ ಒಂದು ಗಾದಿ ಅಂಗಡಿಯ ಮಾಳಿಗೆಯಲ್ಲಿ, ಅವರು ಹಸಿದು ಊಟಕ್ಕೆ ಏಳಬೇಕೆಂದಿದ್ದ ಹೊತ್ತಿನಲ್ಲಿ. ಅವರು ನನ್ನನ್ನು ನೋಡಿದ ರೀತಿ ಇನ್ನೂ ಕಣ್ಣ ಮುಂದಿದೆ. ಹಾಗೆ ಕೇಳಿದ್ದು ತಪ್ಪೇನಲ್ಲ. ತಪ್ಪಾದದ್ದು ಆಮೇಲೆ. ಕಳೆದ ಶುಕ್ರವಾರದಿಂದ ಅದು ನನ್ನನ್ನು ಕೂರಲು ಬಿಡುತ್ತಿಲ್ಲ, ನಿಲ್ಲಲು ಬಿಡುತ್ತಿಲ್ಲ. ಹೇಳಿಯೇ ಬಿಡುತ್ತೇನೆ.

ಈ ಅಂಕಣ ಓದುವವರಿಗೆ ನನ್ನ ಅಂಗಡಿ ಗೊತ್ತು. ಗಡಿಯಾರ ಮತ್ತು ಗ್ರಾಮಫೋನ್ ರಿಪೇರಿ. (ಹೊಲಿಗೆ ಯಂತ್ರವನ್ನೂ ತಂದಿಡುವವರಿದ್ದಾರೆ. ದಯವಿಟ್ಟು ತರಬೇಡಿ.) ಆದರೆ ಖಾದರ್ ಭಾಯಿಯ ಬಗ್ಗೆ ಇದುವರೆಗೆ ಬರೆದಿಲ್ಲ.

ಖಾದರ್ ಭಾಯಿಯದು ಶಿರಸಿ ಯಲ್ಲಾಪುರದ ನಡುವೆ ಓಡುವ ಲಾರಿ. ಮರದ ದಿಮ್ಮಿ ಹೇರುತ್ತಾನೆ. ಡ್ರೈವರ್ ಸೀಟಿನ ಹಿಂದೆ ಕಂಬಳಿಯಲ್ಲಿ ಸುತ್ತಿದ ಒಂದು ಗಿಟಾರು ಇರುತ್ತದೆ. ಯಲ್ಲಾಪುರದ ಮರದ ಡಿಪೋದಲ್ಲಿ ಗೋವೆಯ ಗುಮಾಸ್ತರೊಬ್ಬರಿದ್ದರು. ಲೋಡು ಆಗುವ ತನಕ ಕಾಯುತ್ತಿದ್ದ ಖಾದರ್‌ನಿಗೆ ಅವರೇ ಬೆರಳು ಇಡುವುದನ್ನು ಕಲಿಸಿದ್ದು. ಕೆಲಸ ಬಿಟ್ಟು ಊರಿಗೆ ಹೊರಟಾಗ ಗಿಟಾರನ್ನು ಅವನ ಕೈಗೇ ಕೊಟ್ಟು ಹೋದರು. ಖಾದರ್ ಅದರಲ್ಲಿ ಗೋವೆಯ ಪದ ನುಡಿಸುವುದಿಲ್ಲ. ಅವನ ತಾಯಿ ಅಕ್ಕಿ ಆರಿಸುತ್ತ ಗುನುಗುತ್ತಿದ್ದ ಒಂದು ಧಾಟಿ ಇದೆ, ಅದನ್ನು ನುಡಿಸುತ್ತಾನೆ. ಹೆಬ್ಬೆರಳು ದಪ್ಪ ತಂತಿಯ ಮೇಲೆ ಒಂದೇ ಸಮನೆ ನಡೆಯುತ್ತದೆ. ಉಳಿದ ಬೆರಳುಗಳು ಮೇಲೆ ಹಾಡುತ್ತವೆ. ಒಂದೇ ಗಿಟಾರಿನಲ್ಲಿ ಇಬ್ಬರು ಕೂತಂತೆ.

ಹೋದ ವರ್ಷ ಅವನ ಎಡಗಿವಿ ಪೂರ್ತಿ ಹೋಯಿತು. ಮೊದಲು ಸೋರಿತು, ಆಮೇಲೆ ಕೇಳುವುದೇ ನಿಂತಿತು. ಹುಬ್ಬಳ್ಳಿಯ ಡಾಕ್ಟರು ನೋಡಿ, ಬಲಗಿವಿಯೂ ನಿಧಾನವಾಗಿ ಅದೇ ದಾರಿ ಹಿಡಿದಿದೆ, ಒಂದೆರಡು ವರ್ಷ ಇದ್ದರೆ ಹೆಚ್ಚು ಎಂದರಂತೆ. ಇದನ್ನು ಅವನು ನನಗೆ ಹೇಳಿದ್ದು ಲಾರಿಯ ಟಾಯರು ಸವೆದಿದೆ ಎಂದು ಹೇಳುವ ದನಿಯಲ್ಲಿ. ನನ್ನ ಕೈಯಲ್ಲಿದ್ದ ಗಡಿಯಾರದ ಸ್ಕ್ರೂ ನೆಲಕ್ಕೆ ಬಿತ್ತು. ಆಮೇಲೆ ಅವನು ಒಂದೇ ಒಂದು ಆಸೆ ಹೇಳಿದ.

"ನಾನು ನುಡಿಸಿದ್ದು ಹೊರಗಿಂದ ಹ್ಯಾಂಗೆ ಕೇಳ್ತದೆ ಅಂತ ಒಂದ್ಸಲ ಕೇಳ್ಬೇಕು ಹೆಗಡೇರೆ. ಈ ಕಿವಿ ಇರೋ ತನಕ."

ನುಡಿಸುವವನು ತನ್ನ ವಾದ್ಯವನ್ನು ಮೇಲಿನಿಂದ ಕೇಳುತ್ತಾನೆ, ಎದುರಿನಿಂದಲ್ಲ. ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ನೀವು ಯೋಚಿಸಿದ್ದಿರಾ?

ಗಣೇಶ ಚೌತಿ ಮುಗಿದ ವಾರ ಆ ಇಂಜಿನಿಯರು, ದೇಸಾಯರು, ಬಂದರು. ಹುಟ್ಟಿದ್ದು ಧಾರವಾಡದ ಕಡೆ, ಕೆಲಸ ಮುಂಬಯಿಯ ಒಂದು ರೆಕಾರ್ಡ್ ಕಂಪನಿಯಲ್ಲಿ. ಸಿದ್ದಾಪುರದ ಕಡೆಯ ಹಿರಿಯ ಯಕ್ಷಗಾನ ಭಾಗವತರೊಬ್ಬರು ಹಾಡಲು ಹುಬ್ಬಳ್ಳಿಗೆ ಬರಲಾರೆ, ಬೇಕಾದರೆ ಶಿರಸಿಯ ತನಕ ಬಂದೇನು ಎಂದಿದ್ದರು. ಆದ್ದರಿಂದ ದೇಸಾಯರೇ ಯಂತ್ರಗಳನ್ನು ಮೋಟಾರಿನಲ್ಲಿ ಹೇರಿಕೊಂಡು ಬಂದಿದ್ದರು. ದಾರಿಯ ಕುಲುಕಾಟಕ್ಕೆ ಅವರ ಬ್ಯಾಟರಿ ಒಡೆದು ಆಸಿಡ್ ಎಲ್ಲ ಚೆಲ್ಲಿತ್ತು. ಬ್ಯಾಟರಿ ಇಲ್ಲದೆ ಯಂತ್ರದ ವಾಲ್ವು ಉರಿಯದು. ನಮ್ಮ ಊರಿಗೆ ಕರೆಂಟು ಯಾವ ಕಾಲಕ್ಕೋ. ಯಾರೋ ಅವರನ್ನು ನನ್ನ ಅಂಗಡಿಗೆ ಕಳಿಸಿದರು. ನಾನು ಓಡಿದ್ದು ಖಾದರ್ ಭಾಯಿಯ ಬಳಿಗೆ.

ಅವನು ಹಿಂದೆಮುಂದೆ ನೋಡದೆ ಲಾರಿಯ ಬ್ಯಾಟರಿ ಬಿಚ್ಚಿ ಕೊಟ್ಟ. ಇಂಜಿನ್ನಿಗೆ ಹ್ಯಾಂಡಲ್ ತಿರುಗಿಸಿದರಾಯಿತು ಎಂದ. ಬದಲಿಗೆ ಕೇಳಿದವನು ನಾನು. ಭಾಗವತರದು ಮುಗಿದ ಮೇಲೆ ದನಿ ಕೊರೆಯುವ ಮೇಣದ ತಟ್ಟೆ ಉಳಿದರೆ ಖಾದರ್ ಭಾಯಿಯ ಗಿಟಾರನ್ನೂ ಹಿಡಿಯಬೇಕು ಎಂದು ದೇಸಾಯರಿಂದ ಮಾತು ತೆಗೆದುಕೊಂಡೆ.

ಉಳಿದದ್ದು ಎರಡೇ ತಟ್ಟೆ.

ಜಾಗ ಖಾದರ್‌ನ ಭಾವನ ಗಾದಿ ಅಂಗಡಿಯ ಮಾಳಿಗೆ. ಸುತ್ತ ಹತ್ತಿಯ ಮೂಟೆ. ಮಾತಾಡಿದರೆ ದನಿ ಅಲ್ಲಲ್ಲೇ ಇಂಗಿ ಹೋಗುತ್ತಿತ್ತು. ದೇಸಾಯರ ಹತ್ತಿರ ಎರಡು ಮೈಕ್ರೋಫೋನು ಇದ್ದವು. ಹಳೆಯದು ಅಗಲವಾದದ್ದು, ಒಂದು ಚೌಕಟ್ಟಿನಲ್ಲಿ ನಾಲ್ಕು ಸ್ಪ್ರಿಂಗಿಗೆ ತೂಗುಹಾಕಿದ್ದು. ಒಳಗೆ ಇದ್ದಿಲ ಪುಡಿ. ಹೊಸದು ಚಿಕ್ಕದು, ಬಲು ನಾಜೂಕಿನದು, ಹವೆಯಲ್ಲಿ ಸ್ವಲ್ಪ ತೇವ ಇದ್ದರೂ ಚಟಚಟ ಎನ್ನುವಂಥದ್ದು. (ನಮ್ಮೂರಿನಲ್ಲಿ ಭಾದ್ರಪದದಲ್ಲಿ ತೇವ ಇಲ್ಲದ ಹವೆ ಎಲ್ಲಿಂದ ತರುವುದು?) ಖಾದರ್ ಅದನ್ನು ಕರವಸ್ತ್ರದಲ್ಲಿ ಸುತ್ತಿ, ಲಾರಿಯ ಇಂಜಿನ್ ಚಾಲೂ ಮಾಡಿ, ಬೆಚ್ಚಗಾದ ಬಾನೆಟ್ಟಿನ ಮೇಲೆ ಅರ್ಧ ಗಂಟೆ ಇಟ್ಟು ತಂದ. ಚಟಚಟ ನಿಂತಿತು. ದೇಸಾಯರು ಅವನನ್ನು ಆಗಲೇ ಮೊದಲ ಸಲ ಸರಿಯಾಗಿ ನೋಡಿದ್ದು.

ಅವರು ಹೆಡ್‌ಫೋನನ್ನು ನನ್ನ ತಲೆಗೆ ಹಾಕಿ ಎರಡನ್ನೂ ಕೇಳಿಸಿದರು. ಹಳೆಯದರಲ್ಲಿ ಹಿಂದೆ ಸುಯ್ ಎಂಬ ಸದ್ದು, ಆದರೆ ಗಿಟಾರಿನ ಮರ ಕೇಳುತ್ತಿತ್ತು. ತುಂಬಿದ, ಬೆಚ್ಚನೆಯ ದನಿ. ಹೊಸದರಲ್ಲಿ ತಂತಿ ಕೇಳುತ್ತಿತ್ತು. ಬೆರಳು ತಂತಿಯ ಮೇಲೆ ಜಾರುವುದೂ, ಖಾದರ್ ಉಸಿರು ಎಳೆದುಕೊಳ್ಳುವುದೂ ಕೇಳುತ್ತಿತ್ತು.

ಯಾವುದನ್ನು ಬಿಡುವುದು?

ಒಂದು ನಿಮಿಷಕ್ಕೆ ಇದು, ಮರುನಿಮಿಷಕ್ಕೆ ಅದು. ಹೆಡ್‌ಫೋನು ಕೊಟ್ಟೆ, ಮತ್ತೆ ಕಸಿದುಕೊಂಡೆ. ಆಗ ಕಣ್ಣಿಗೆ ಬಿದ್ದದ್ದು ಮೂಲೆಯಲ್ಲಿದ್ದ ಎರಡನೆಯ ಯಂತ್ರ. ಒಂದು ಕೆಟ್ಟರೆ ಇರಲಿ ಎಂದು ದೇಸಾಯರು ಎರಡು ತಂದಿದ್ದರು. ಎರಡು ಮೈಕ್ರೋಫೋನು, ಎರಡು ಯಂತ್ರ, ಎರಡು ತಟ್ಟೆ. ಒಂದೇ ಹೊತ್ತಿಗೆ ಎರಡನ್ನೂ ಓಡಿಸಿದರೆ? ಆಮೇಲೆ ನನ್ನ ಅಂಗಡಿಯಲ್ಲಿ ಎರಡು ಗ್ರಾಮಫೋನು ಇಟ್ಟು ಒಟ್ಟಿಗೇ ನುಡಿಸಿದರೆ? ಈ ಕಿವಿಗೊಂದು, ಆ ಕಿವಿಗೊಂದು. ಖಾದರ್ ನಡುವೆ ಕೂತಂತೆಯೇ ಕೇಳಬೇಕಲ್ಲ?

ಅದಕ್ಕೇ ನಾನು ಆ ಕಿವಿಯ ಪ್ರಶ್ನೆ ಕೇಳಿದ್ದು.

"ಒಂದ ಸೂಜಿ, ಒಂದ ಗೆರಿ, ಒಂದ ಪ್ಲೇಟು. ಮಂದಿ ಮನಿಯಾಗ ಇರೋದು ಇಷ್ಟರೀ. ಎರಡ ಕಿವಿ ತಗೊಂಡು ಏನ್ ಮಾಡ್ತೀರಿ?" ಎಂದರು ದೇಸಾಯರು.

ಅವರು ಹೇಳಿದ್ದು ಬುದ್ಧಿಯ ಮಾತು. ಹೊಸ ಮೈಕು ಒಂದೇ ಸಾಕು. ಮೊದಲ ತಟ್ಟೆಯಲ್ಲಿ ತಪ್ಪಿದರೆ ಎರಡನೆಯದು ಇದೆ. ಎರಡನ್ನೂ ಒಮ್ಮೆಗೇ ಸುರಿದರೆ, ತಪ್ಪಿದಾಗ ಕೈಯಲ್ಲಿ ಏನೂ ಉಳಿಯುವುದಿಲ್ಲ. ಅದೂ ಅಲ್ಲದೆ ಎರಡು ಬೇರೆ ಬೇರೆ ಜಾತಿಯ ಮೈಕ್ರೋಫೋನುಗಳನ್ನು ಜೋಡಿ ಮಾಡಿದರೆ ಒಂದು ಕಿವಿಗೆ ಮರ, ಒಂದು ಕಿವಿಗೆ ತಂತಿ ಆದೀತು ಎಂದರು. ನಾನು ಬಿಡಲಿಲ್ಲ. ವಾದ ಮಾಡಿದೆ, ಬೇಡಿದೆ, ಮತ್ತೆ ವಾದ ಮಾಡಿದೆ. ಕೊನೆಗೆ ಅವರು ಖಾದರ್‌ನನ್ನೇ ಕೇಳಿದರು. ಅವನು ನನ್ನ ಮುಖ ನೋಡಿದ. ಹೆಗಡೇರು ಹೇಳಿದಂತೆ ಆಗಲಿ ಎಂದ.

ಅವನಿಗೆ ಬೇಕಾದದ್ದು ಯಾವುದು ಎಂದು ನಾನು ಆ ಹೊತ್ತಿನಲ್ಲಿ ಯೋಚಿಸಿದೆನೆ? ಇಲ್ಲ. ಎಡಗಿವಿ ಇಲ್ಲದವನಿಗೆ ಎರಡು ಬದಿಯ ಸಂಗೀತ! ಖಾದರ್ ಕೇಳಿದ್ದು ಅದಲ್ಲ. ಅದು ಬೇಕಾಗಿದ್ದದ್ದು ನನಗೆ.

ಒಂದು ಕಿವಿಗೆ ಬೆರಳಿಟ್ಟು ಗಿಟಾರಿನ ಸುತ್ತ ಮೊಣಕಾಲಲ್ಲಿ ನಡೆದು ನೋಡಿದೆ. ನಡುವಿನ ತೂತಿನ ಎದುರು ಬರೀ ಗುಂಯ್. ಕತ್ತು ಬಂದು ಮೈಗೆ ಸೇರುವಲ್ಲಿ ತಂತಿ ಸ್ಪಷ್ಟ. ಆಚೆ, ತಂತಿ ಕಟ್ಟಿದ ಕಡೆ, ಮರದ ದನಿ. ಹೊಸದನ್ನು ಕತ್ತಿನ ಕಡೆ, ಹಳೆಯದನ್ನು ಆಚೆ ಕಡೆ ನಿಲ್ಲಿಸಿದೆವು. ಗಾದಿ ಹೊಲಿಯುವ ದಾರ ತೆಗೆದು ಎರಡೂ ಗಿಟಾರಿನಿಂದ ಸರಿಯಾಗಿ ಒಂದೂವರೆ ಮೊಳ ದೂರ ಇವೆಯೇ ಎಂದು ಅಳೆದೆ. ದೇಸಾಯರು ನಗದೆ ಇನ್ನೊಮ್ಮೆ ಅಳೆದರು. ಒಪ್ಪಿದ ಮೇಲೆ ಅವರು ಅರೆಮನಸ್ಸಿನಿಂದ ಕೆಲಸ ಮಾಡುವವರಲ್ಲ.

ಊಟದ ಹೊತ್ತು. ಪೇಟೆ ತಣ್ಣಗಿತ್ತು. ದೇಸಾಯರು ಕೈ ಎತ್ತಿದರು. ತಟ್ಟೆ ತಿರುಗಿಸುವ ತೂಕದ ಕಲ್ಲುಗಳು ಎರಡೂ ಯಂತ್ರದಲ್ಲಿ ಇಳಿಯತೊಡಗಿದವು. ಮೇಣದಿಂದ ಕೂದಲೆಳೆಯಷ್ಟು ಸಣ್ಣ ಸುರುಳಿ ಎದ್ದು ಬಂತು. ಖಾದರ್ ಕಣ್ಣು ಮುಚ್ಚಿ ನುಡಿಸಿದ.

ಚೆನ್ನಾಗಿ ನುಡಿಸಿದ. ಒಂದು ನಿಮಿಷ ನಾನು ಅಲುಗಲಿಲ್ಲ. ಆಮೇಲೆ ಸಂಶಯ ಹುಟ್ಟಿತು. ಹಳೆಯ ಮೈಕಿನ ಯಂತ್ರ ಸರಿಯಾಗಿ ಕೊರೆಯುತ್ತಿದೆಯೇ? ಸುರುಳಿ ಸಿಕ್ಕಿಕೊಂಡಿದ್ದರೆ? ದೇಸಾಯರು ಹೊಸದರ ಮೇಲೆ ಬಗ್ಗಿದ್ದರು. ನಾನು ಚಪ್ಪಲಿ ಬಿಟ್ಟಿದ್ದೆ. ಮೆಲ್ಲಗೆ ಎದ್ದು, ಖಾದರ್‌ನ ಮುಂದಿನಿಂದ ಹಾದು, ಈ ಬದಿಯಿಂದ ಆ ಬದಿಗೆ ಹೋಗಿ ನೋಡಿದೆ. ಎಲ್ಲ ಸರಿಯಿತ್ತು. ನಾಲ್ಕೋ ಐದೋ ಹೆಜ್ಜೆ, ಅಷ್ಟೇ. ಪದ ಮುಗಿಯಿತು. ದೇಸಾಯರು ತಟ್ಟೆಗಳನ್ನು ಹತ್ತಿಯಲ್ಲೇ ಸುತ್ತಿ ಡಬ್ಬಿಗೆ ಇಟ್ಟರು. ಮೇಣದ ತಟ್ಟೆಯನ್ನು ನುಡಿಸಿ ನೋಡುವಂತಿಲ್ಲ, ನೋಡಿದರೆ ಅದು ಹಾಳು. ಕಾರ್ಖಾನೆಗೆ ಹೋಗಿ, ಅಚ್ಚಾಗಿ ಬರುವ ತನಕ ಕಾಯಬೇಕು.

ಕಾಯುವುದು! ದಿನಾ ಅಂಚೆ ಕಚೇರಿಗೆ ಎರಡು ಸಲ ಹೋದೆ. ಪೋಸ್ಟ್ ಮಾಸ್ತರರು ನನ್ನನ್ನು ಕಂಡರೆ ದೂರದಿಂದಲೇ ತಲೆ ಅಲ್ಲಾಡಿಸುತ್ತಿದ್ದರು. ಖಾದರ್ ಒಮ್ಮೆಯೂ ವಿಚಾರಿಸಲಿಲ್ಲ. ಲಾರಿ ಓಡಿಸಿಕೊಂಡಿದ್ದ.

ಶುಕ್ರವಾರ ಪಾರ್ಸೆಲ್ ಬಂತು. ಎರಡು ರೆಕಾರ್ಡು. ಒಂದೊಂದನ್ನೇ ಕೇಳುವ ತಾಳ್ಮೆ ನನಗೆಲ್ಲಿ? ಎರಡು ಗ್ರಾಮಫೋನನ್ನು ಅಂಗಡಿಯ ಎರಡು ಮೂಲೆಗೆ ಇಟ್ಟೆ. ಖಾದರ್ ಭಾಯಿಯನ್ನು ಕರೆಸಿ ನಡುವೆ ಕೂರಿಸಿದೆ. ಒಂದಕ್ಕೆ ನಾನು, ಇನ್ನೊಂದಕ್ಕೆ ನನ್ನ ಹೆಂಡತಿ ಸುಶೀಲೆ. ಒಂದು, ಎರಡು, ಮೂರು, ಸೂಜಿ ಇಳಿಸು. ಒಂದು ಮುಂದೆ ಓಡಿತು, ಒಂದು ಹಿಂದೆ ಉಳಿಯಿತು. ಸ್ಪೀಡು ತಿದ್ದಿದೆ. ಮತ್ತೆ. ಮತ್ತೆ. ಐದನೆಯ ಸಲ ಎರಡೂ ಕೂಡಿಕೊಂಡವು.

ಓದುಗರೇ, ಅದನ್ನು ಹೇಗೆ ಹೇಳಲಿ? ದನಿ ಈ ಪೆಟ್ಟಿಗೆಯಿಂದಲೂ ಬರಲಿಲ್ಲ, ಆ ಪೆಟ್ಟಿಗೆಯಿಂದಲೂ ಬರಲಿಲ್ಲ. ನಡುವೆ, ಏನೂ ಇಲ್ಲದ ಗಾಳಿಯಲ್ಲಿ, ಒಂದು ಗಿಟಾರು ಇತ್ತು. ಹೆಬ್ಬೆರಳು ಒಂದು ಕಡೆ, ಉಳಿದ ಬೆರಳು ಇನ್ನೊಂದು ಕಡೆ. ಸುಶೀಲೆ ಬಾಯಿ ತೆರೆದವಳು ಮುಚ್ಚಲಿಲ್ಲ.

ಆಗ ಒಬ್ಬ ಮನುಷ್ಯ ಅಂಗಡಿಯೊಳಗೆ ನಡೆದ.

ತಪ್, ತಪ್, ತಪ್, ತಪ್. ಆ ಮೂಲೆಯಿಂದ ಈ ಮೂಲೆಗೆ. ನಾವಿಬ್ಬರೂ ತಿರುಗಿ ನೋಡಿದೆವು. ಯಾರೂ ಇರಲಿಲ್ಲ.

"ಅದು ನಿಂಗಳ ಕಾಲು. ಆನು ಎಲ್ಲಿದ್ರೂ ಗುರ್ತು ಹಿಡೀತೆ" ಎಂದಳು ಸುಶೀಲೆ.

ಅಷ್ಟರಲ್ಲಿ ರೆಕಾರ್ಡುಗಳು ಒಂದನ್ನೊಂದು ಬಿಟ್ಟು ಬೇರೆ ಬೇರೆ ಓಡತೊಡಗಿದವು. ನಿಲ್ಲಿಸಿದೆ. ಕಿವಿ ಬಿಸಿಯಾಗಿತ್ತು. ಒಬ್ಬನ ಜೀವಮಾನದ ಒಂದೇ ರೆಕಾರ್ಡು, ಅದರ ಮೇಲೆ ನಾನು ನಡೆದು ಬಿಟ್ಟಿದ್ದೆ. ಈ ನಡುವೆ ಖಾದರ್ ಯಾವ ಕಡೆಗೂ ತಿರುಗಿ ನೋಡಿರಲಿಲ್ಲ. ನಡುವಿನ ಗಾಳಿಯಲ್ಲಿ ಗಿಟಾರು ನಿಂತದ್ದು ಅವನಿಗೆ ಗೊತ್ತಾಗುವುದಾದರೂ ಹೇಗೆ? ಎರಡರಲ್ಲಿ ಒಂದನ್ನೇ, ಹೊಸ ಮೈಕಿನದನ್ನು, ಮೊದಲಿನಿಂದ ಹಾಕಲು ಹೇಳಿದ. ಕುರ್ಚಿ ಎಳೆದು, ಬಲಗಿವಿಯನ್ನು ಪೆಟ್ಟಿಗೆಗೆ ಒತ್ತಿ ಕೂತ. ಪೂರ್ತಿ ಕೇಳಿದ. ಮುಖದಲ್ಲಿ ಮೊದಲು ಒಂದು ನಗು ಇತ್ತು. ಹೆಜ್ಜೆಗಳು ದಾಟಿದ ಮೇಲೆ ಆ ನಗು ಇರಲಿಲ್ಲ.

ನಾನು ಕ್ಷಮೆ ಕೇಳಿದೆ. ಸದ್ದು ಬಿದ್ದದ್ದಕ್ಕೆ. ಅವನು ಸದ್ದಿನದು ಏನೂ ಇಲ್ಲ ಎಂದ. ಆಮೇಲೆ ಹೇಳಿದ:

"ಕೊನೆ ಸುತ್ತು ನಾನು ನುಡಿಸಲೇ ಇಲ್ಲ ಹೆಗಡೇರೆ. ನೀವು ಎದ್ದದ್ದು ನಂಗೆ ಕಿವೀಲಿ ಕೇಳಲಿಲ್ಲ, ತೊಡೆ ಮೇಲಿನ ಗಿಟಾರಲ್ಲಿ ಗೊತ್ತಾಯ್ತು. ಮಾಳಿಗೆ ನೆಲದ ಹಲಗೆ ಅಲ್ಲಾಡ್ತು. ಹೊತ್ತಾಯ್ತೇನೋ, ನಿಮಗೆ ಬೇಜಾರಾಯ್ತೇನೋ ಅಂದ್ಕೊಂಡೆ. ಬೇಗ ಬೇಗ ಮುಗಿಸ್ದೆ."

ಮತ್ತೆ ಹಾಕಿ ಕೇಳಿದೆ. ನಿಜ. ಹೆಜ್ಜೆಗಳ ತನಕ ಹೆಬ್ಬೆರಳು ಒಂದೇ ಸಮನೆ ನಡೆಯುತ್ತದೆ. ಅಲ್ಲಿಂದ ಮುಂದೆ ಓಡುತ್ತದೆ. ಅವನ ತಾಯಿ ದನಿ ಇಳಿಸಿ ಇಳಿಸಿ ನಿಲ್ಲಿಸುತ್ತಿದ್ದ ಜಾಗ ಬರುವ ಮೊದಲೇ ಪದ ಮುಗಿದು ಹೋಗುತ್ತದೆ. ಆಮೇಲೆ ಬರೀ ಗೆರೆಯ ಸದ್ದು. ತಟ್ಟೆಯಲ್ಲಿ ಜಾಗ ಇನ್ನೂ ಇತ್ತು.

ದೇಸಾಯರಿಗೆ ಬರೆಯುತ್ತೇನೆ ಎಂದೆ. (ಬರೆದಿದ್ದೇನೆ. ಈ ಕಡೆ ಸದ್ಯಕ್ಕೆ ಬರುವಂತಿಲ್ಲ ಎಂದು ಟೆಲಿಗ್ರಾಂ ಬಂದಿದೆ.) ಖಾದರ್ ಹೊರಗೆ ಹೋಗಿ ಲಾರಿಯಿಂದ ಗಿಟಾರು ತಂದ. ಮೈಕು ಇಲ್ಲ, ಯಂತ್ರ ಇಲ್ಲ. ಆ ಕೊನೆಯ ಸುತ್ತನ್ನು ನನಗೂ ಸುಶೀಲೆಗೂ ನುಡಿಸಿ ಕೇಳಿಸಿದ. ನಾನು ಎರಡು ಕೈಯಿಂದ ಮೊಣಕಾಲು ಹಿಡಿದು ಕೂತಿದ್ದೆ. ಮುಗಿಸಿ, ಹೊಸ ಮೈಕಿನ ರೆಕಾರ್ಡನ್ನು ಕಂಬಳಿಯಲ್ಲಿ ಗಿಟಾರಿನ ಜೊತೆ ಸುತ್ತಿಕೊಂಡು, ಯಲ್ಲಾಪುರಕ್ಕೆ ಲೋಡಿದೆ ಎಂದು ಹೊರಟ. ಹಳೆಯದು ನನ್ನ ಅಂಗಡಿಯಲ್ಲಿದೆ.

ಅವತ್ತಿನಿಂದ ನನಗೆ ಬೇರೆ ಲೆಕ್ಕ ಹತ್ತಿದೆ. ಅಂಗಡಿಗೆ ಬಂದು ಮಾತು ಶುರು ಮಾಡಿ, ನನ್ನ ಕಣ್ಣು ಗಡಿಯಾರದ ಕಡೆ ಹೋದದ್ದನ್ನು ಕಂಡು ಎದ್ದು ಹೋದವರು ಯಾರ್ಯಾರು? ಮನೆಯಲ್ಲಿ ಸುಶೀಲೆ ಅರ್ಧಕ್ಕೆ ಬಿಟ್ಟ ಮಾತು ಎಷ್ಟು? ಒಬ್ಬರೂ ದೂರು ಹೇಳಿಲ್ಲ. ಎಲ್ಲರೂ ಸಭ್ಯರು.

ನಿಮ್ಮ ಕಾಲು ಅಲುಗಿದ್ದನ್ನು ಕಂಡು ಬೇಗ ಮುಗಿಸಿಬಿಟ್ಟವರು ನಿಮ್ಮ ಮನೆಯಲ್ಲಿ ಎಷ್ಟು ಜನ?