ಫ್ರೆಂಚ್ ಅಕ್ಕೋರು ಕೊಟ್ಟ ಸಂಥೆ

ಪಿತೃಪಕ್ಷಕ್ಕೆ ಮುನ್ನ ಪೆಟ್ಟಿಗೆಗಳನ್ನು ತೆರೆದು ಧೋತರ-ಶಲ್ಯಗಳಿಗೆ ಗಾಳಿಯಾಡಿಸುವುದು ನಮ್ಮ ಸವಣೂರಿನ ಮನೆಯಲ್ಲಿ ಹಿಂದಿನಿಂದ ನಡೆದುಬಂದ ಕ್ರಮ. ಈ ಸಲ ಪೆಟ್ಟಿಗೆ ತೆರೆದಾಗ, ಲವಂಗವೂ ಹಳೆಯ ರೇಷ್ಮೆಯೂ ಕೂಡಿದ ಆ ಪರಿಚಿತ ವಾಸನೆಯೊಡನೆ, ಸಭೆಗಳಿಗೆಂದು ನಾನು ಹೊದೆಯುತ್ತಿದ್ದ ಶಲ್ಯದ ಮಡಿಕೆಯಿಂದ ಒಂದು ಕಾಗದದ ಹೂವು ಜಾರಿ ನೆಲಕ್ಕೆ ಬಿತ್ತು. ನೀಲಿ, ಬಿಳಿ, ಕೆಂಪು ಬಣ್ಣಗಳ ಮೂರು ಸುತ್ತು. ನಡುವೆ ತುಕ್ಕು ಹಿಡಿದ ಒಂದು ಗುಂಡುಸೂಜಿ. ಸೊಸೆ ಅದನ್ನೆತ್ತಿ ನೋಡಿ, "ಇದು ಯಾವ ದೇವರ ಪ್ರಸಾದರಿ ಮಾಮಾ?" ಎಂದು ಕೇಳಿದಳು.

"ಸರಸ್ವತೀದು" ಎಂದೆ. ಅವಳು ನಕ್ಕಳು. ನಾನು ವಿನೋದಕ್ಕೆ ಹೇಳಿರಲಿಲ್ಲ.

ಹಾನಗಲ್ಲಿನ ಪ್ರೌಢಶಾಲೆಯಿಂದ ನಿವೃತ್ತನಾದ ಮೇಲೆ ನಾನು ಕೆಲವು ವರ್ಷ ಶಿಗ್ಗಾವಿಯ ಹತ್ತಿರ, ಹೆದ್ದಾರಿಯ ಬದಿಯಲ್ಲಿ ಹೊಸದಾಗಿ ಎದ್ದಿದ್ದ ಒಂದು ಖಾಸಗಿ ಶಾಲೆಯಲ್ಲಿ ಸಂಸ್ಕೃತ ಪಾಠ ಹೇಳುತ್ತಿದ್ದೆ. ಬೆಳಗಿನ ಸಂಧ್ಯಾವಂದನೆ, ಪೂಜೆ ಮುಗಿಸಿ ಬಸ್ಸು ಹಿಡಿದರೆ ಪ್ರಾರ್ಥನೆಯ ಹೊತ್ತಿಗೆ ಅಲ್ಲಿರುತ್ತಿದ್ದೆ. ಕನ್ನಡ, ಇಂಗ್ಲಿಷುಗಳು ಎಲ್ಲ ಮಕ್ಕಳಿಗೂ ಇದ್ದವು. ಅವುಗಳ ಜೊತೆಗೆ ಹಿಂದಿ, ಸಂಸ್ಕೃತ, ಫ್ರೆಂಚ್ ಇವುಗಳಲ್ಲಿ ಒಂದನ್ನು ಆಯ್ದುಕೊಳ್ಳಬಹುದಿತ್ತು. ನಮ್ಮ ಸೀಮೆಯಲ್ಲಿ ಫ್ರೆಂಚ್ ಎಂದರೆ ಆಗ ಎಲ್ಲರಿಗೂ ಸೋಜಿಗ. ಹುಬ್ಬಳ್ಳಿಯ ಶಾಲೆಗಳಲ್ಲಿ ಇದೆಯಂತೆ, ನಮ್ಮಲ್ಲೂ ಇರಲಿ ಎಂದು ಶಾಲೆಯ ಅಧ್ಯಕ್ಷರು ತಂದಿದ್ದರು. ಅದನ್ನು ಕಲಿಸಲು ಬಂದವರನ್ನು ಮೊದಲ ದಿನದಿಂದಲೇ ಎಲ್ಲರೂ 'ಫ್ರೆಂಚ್ ಅಕ್ಕೋರು' ಎಂದು ಕರೆದರು.

ಅವರು ಯಾವ ದೂರದ ಪಟ್ಟಣದವರೂ ಅಲ್ಲ, ತಡಸದವರು. ಒಕ್ಕಲುತನದ ಮನೆ. ಧಾರವಾಡದಲ್ಲಿ ಓದುವಾಗ ಆ ಭಾಷೆಯ ಹುಚ್ಚು ಹತ್ತಿ, ಪುದುಚೇರಿಯಲ್ಲಿ ಎರಡು ವರ್ಷ ಇದ್ದು ಕಲಿತು ಬಂದಿದ್ದರಂತೆ. ಇಳಕಲ್ಲ ಸೀರೆ, ಹಣೆಯ ಮೇಲೆ ದೊಡ್ಡ ಕುಂಕುಮ, ಬಾಯಲ್ಲಿ ಫ್ರೆಂಚ್. ಮಕ್ಕಳಿಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಹಿರಿಯರಿಗೆ ಮಾತ್ರ ಇವೆರಡನ್ನೂ ಒಟ್ಟಿಗೆ ನೋಡುವುದು ರೂಢಿಯಾಗಲು ದಿನ ಹಿಡಿಯಿತು.

ಒಂದು ದಿನ ಅವರು ನನ್ನ ತರಗತಿಯ ಬಾಗಿಲಲ್ಲಿ ನಿಂತಿದ್ದರು. ನಾನು ಮಕ್ಕಳಿಗೆ ಸಂಥೆ ಹೇಳುತ್ತಿದ್ದೆ. ಸಂಥೆ ಎಂದರೆ ಪಾಠಶಾಲೆಗಳ ಹಳೆಯ ಪದ್ಧತಿ. ಪುಸ್ತಕ ಮುಚ್ಚಿರಬೇಕು. ಗುರು ಒಮ್ಮೆ ಹೇಳುತ್ತಾನೆ, ಶಿಷ್ಯರು ಎರಡು ಸಲ ಹೇಳುತ್ತಾರೆ. ತಪ್ಪಿದರೆ ಬೈಗುಳವಿಲ್ಲ, ಗುರು ಮತ್ತೊಮ್ಮೆ ಹೇಳುತ್ತಾನೆ, ಅಷ್ಟೆ. ಬಾಲ್ಯದಲ್ಲಿ ನಾನು ನನ್ನ ಗುರುಗಳ ಎದುರು ಕುಳಿತು ಪಡೆದದ್ದೆಲ್ಲ ಹೀಗೆಯೇ.

"ಆಚಾರ್ರ, ಹಿಂದ ಕುಂದರ್ಲೇನ್ರಿ?" ಎಂದರು.

"ಕೂಡ್ರಿ. ಆದ್ರ ಇಲ್ಲಿ ಕೂತವರು ಬಾಯಿ ಬಿಡಬೇಕಾಗ್ತದ."

"ಬಾಯಿಗೇನ್ ಬರ ಐತ್ರಿ ನನಗ?"

ಹಾಗೆ ಕುಳಿತವರು ಎಷ್ಟು ದಿನ ಬಂದರೋ... ಬಿಡುವಿನ ಅವಧಿಯಲ್ಲೆಲ್ಲ ಹಿಂದಿನ ಬೆಂಚಿನಲ್ಲಿ ಮಕ್ಕಳ ನಡುವೆ ಅವರ ದನಿಯೂ ಕೇಳುತ್ತಿತ್ತು. ಮುಂದಿನ ತಿಂಗಳಿಂದ ಪಕ್ಕದ ಕೋಣೆಯ ಗೋಡೆಯಾಚೆ ಫ್ರೆಂಚ್ ಸಂಥೆ ಏಳತೊಡಗಿತು. ಒಂದು ದನಿ, ಅದರ ಹಿಂದೆ ಎರಡು ಸಲ ಇಡೀ ತರಗತಿಯ ದನಿ. ಅರ್ಥ ತಿಳಿಯದ ನನ್ನ ಕಿವಿಗೂ ಅದರ ಲಯ ಹಿತವಾಗಿತ್ತು. ತರಗತಿ ತೊಡಗುವಾಗ ಮಕ್ಕಳು ಒಕ್ಕೊರಲಿನಿಂದ ಒಂದು ಮಾತು ಹೇಳುತ್ತಿದ್ದರು: 'ಜೇಕೂತ್'. ಏನೆಂದು ಕೇಳಿದೆ. "'ನಾನು ಕೇಳಾಕತ್ತೇನಿ' ಅಂತ್ರೀ. ಮೊದಲ ಕಿವಿ, ಆಮ್ಯಾಲೆ ಬಾಯಿ. ನಿಮ್ಮ ಕಡೆನೂ ಹಂಗ ಅಲ್ಲೇನ್ರಿ?" ಎಂದರು. ವೇದವನ್ನು ಶ್ರುತಿ, ಅಂದರೆ ಕೇಳಿದ್ದು, ಎಂದೇ ಜೀವನವಿಡೀ ಪೂಜಿಸಿದವನು ನಾನು. ಹೌದೆಂದು ತಲೆದೂಗಿದೆ.

ಆ ವರ್ಷದ ಪಾಲಕರ ಸಭೆಯಲ್ಲಿ ಮಾತು ಬೇರೆಯಾಯಿತು. ಮಕ್ಕಳು ಫ್ರೆಂಚಿನಲ್ಲಿ ಏನೋ ಅನ್ನುತ್ತಾರೆ, ಸರಿಯೋ ತಪ್ಪೋ ತಿಳಿಯುವುದಿಲ್ಲ ಎಂದು ಹಲವರು ದೂರಿದರು. ಆಗ ಮಾಸೂರಿನ ಒಬ್ಬ ತಾಯಿ ಎದ್ದು ನಿಂತಳು. ಮದಗದ ಕೆರೆಯ ಕೆಳಗಿನ ಗದ್ದೆಗಳಲ್ಲಿ ಕೂಲಿ ಮಾಡುವವಳು. ಮಗಳನ್ನು ಶಾಲೆಯ ವಸತಿನಿಲಯದಲ್ಲಿಟ್ಟು ಓದಿಸುತ್ತಿದ್ದಳು. ದನಿ ಎತ್ತರಿಸದೆ ಹೇಳಿದಳು: "ರಜಾಕ್ಕ ಮನಿಗೆ ಬಂದು ಕನ್ನಡ ಓದಿದ್ರ ಬಾಜೂಕ ಕುಂತು ಕೇಳ್ತೇನ್ರಿ. ಇದನ್ನ ಓದಾಕತ್ತಳಂದ್ರ ಎದ್ದು ಒಲಿ ಕಡೆ ಹೋಗ್ತೇನಿ. ನನ್ನ ಮಗಳ ಮಾತು ನನಗ ತಿಳೀದಂಗ ಆದ್ರ ಹೆಂಗ್ರೀ?"

ಅಧ್ಯಕ್ಷರು ವ್ಯವಹಾರಸ್ಥರು, ಸಭೆ ಮುಗಿದ ಮೇಲೆ ಅಕ್ಕೋರನ್ನು ಕರೆದು ಹೇಳಿದರು. "ಫ್ರೆಂಚ್ ದಿನ ಅಂತ ಒಂದು ಜೋರ್ ಕಾರ್ಯಕ್ರಮ ಮಾಡ್ರಿ. ಪಾಲಕರು ನೋಡಿ ಹೂಂ ಅಂದ್ರ ಮುಂದಿನ ವರ್ಷ ನಡಸೋಣ. ಉಹೂಂ ಅಂದ್ರ ಫ್ರೆಂಚ್ ಬ್ಯಾಡ, ನೀವು ಇಂಗ್ಲೀಷ್ ತಗೋರಿ."

ಅಂದು ಅಕ್ಕೋರು ಬಸ್ ನಿಲ್ದಾಣದವರೆಗೂ ನನ್ನೊಡನೆ ನಡೆದು ಬಂದರು. ದಾರಿಯಲ್ಲಿ, "ಆ ತಾಯಿ ಅಂದದ್ದು ಖರೇ ಐತ್ರಿ ಆಚಾರ್ರ. ನಮ್ಮವ್ವನೂ ಹಂಗ ಎದ್ದು ಹೋಗ್ತಿದ್ಲು. ಆವಾಗ ನನಗ ತಿಳೀಲಿಲ್ಲ" ಎಂದರು. ಬಸ್ಸು ಬರುವ ಹೊತ್ತಿಗೆ ಮತ್ತೆ ಕೇಳಿದರು: "ಸಂಥಿ ಹೇಳಾಕ ಗುರುವ ಆಗಿರಬೇಕೇನ್ರಿ? ಸಣ್ಣ ಹುಡುಗ್ರು ಹೇಳಬಹುದೇನು?"

"ಶುದ್ಧವಾಗಿ ಕಲಿತವರು ಯಾರರೆ ಹೇಳಬಹುದು. ಆದ್ರ ಒಂದು ತಿಳಕೊಳ್ರಿ. ಹೇಳೂದು ಸುಲಭ. ಕೇಳಿದವರ ಬಾಯಿ ತೆರೆಯೂತನಕ ಸುಮ್ಮನಿರೂದು ಕಠಿಣ. ನಡುವ ಬಾಯಿ ಹಾಕಿದ್ರ ಸಂಥಿ ಕೆಡ್ತದ" ಎಂದೆ.

ಆ ಫ್ರೆಂಚ್ ದಿನ ಶಾಲೆಯ ಅಂಗಳಕ್ಕೆ ಹಬ್ಬದ ಕಳೆ ಬಂದಿತ್ತು. ಥರ್ಮೋಕೋಲಿನ ಎತ್ತರದ ಗೋಪುರ, ತಲೆಗೆ ಓರೆಯಾಗಿ ಟೊಪ್ಪಿಗೆಯಿಟ್ಟ ಹುಡುಗರು, ಹುಬ್ಬಳ್ಳಿಯ ಬೇಕರಿಯಿಂದ ತರಿಸಿದ ಉದ್ದನೆಯ ಬ್ರೆಡ್ಡು, ಅದರ ಪಕ್ಕದಲ್ಲೇ ಬುಟ್ಟಿ ತುಂಬ ನಮ್ಮ ಕುರುಕಲು ಸವಣೂರು ಖಾರ. ಬಂದವರಿಗೆಲ್ಲ ಅಕ್ಕೋರೇ ಬಾಗಿಲಲ್ಲಿ ನಿಂತು ಕಾಗದದ ಹೂವು ಚುಚ್ಚುತ್ತಿದ್ದರು. ನಾನು ತುಸು ಹಿಂಜರಿದೆ. "ಕಾಗದರಿ ಆಚಾರ್ರ, ಮೈಲಿಗಿ ಆಗೂದಿಲ್ಲ" ಎಂದು ನನ್ನ ಶಲ್ಯಕ್ಕೂ ಒಂದನ್ನು ಸಿಕ್ಕಿಸಿದರು.

ಹಾಡಾಯಿತು, ಕುಣಿತವಾಯಿತು. ಸವಣೂರಿನ ಎಲೆಪೇಟೆಗೆ ಫ್ರಾನ್ಸಿನ ವ್ಯಾಪಾರಿಯೊಬ್ಬ ವೀಳ್ಯದೆಲೆ ಕೊಳ್ಳಲು ಬರುವ ಒಂದು ನಾಟಕವನ್ನೂ ಮಕ್ಕಳು ಆ ಭಾಷೆಯಲ್ಲಿಯೇ ಆಡಿದರು. ಎಲೆ ಮಾರುವ ಹುಡುಗ ಗಿರಾಕಿಗೆ 'ಬೋಂಜೂರ್ ರಿ' ಎಂದು ಕೈ ಮುಗಿದಾಗ ಇಡೀ ಸಭೆ ನಕ್ಕಿತು. ಹಿರಿಯರನ್ನು 'ರಿ' ಇಲ್ಲದೆ ಕರೆಯಲು ಆ ಮಗುವಿಗೆ ಬರುತ್ತಿರಲಿಲ್ಲ. ಅಕ್ಕೋರೂ ಅದನ್ನು ತಿದ್ದಿರಲಿಲ್ಲ.

ಚಪ್ಪಾಳೆ ನಿಂತ ಮೇಲೆ ಒಬ್ಬ ತಂದೆ ಎದ್ದರು. ಬಂಕಾಪುರದಲ್ಲಿ ಗೊಬ್ಬರದ ಅಂಗಡಿ ಇಟ್ಟವರು. "ಎಲ್ಲಾ ಚೊಲೋ ಆತ್ರಿ. ಕುಣಿಯಾಕ ಬರತೈತಿ ಅಂತ ಕಂಡ್ವಿ. ಭಾಷಾ ಬರತೈತಿ ಅಂತ ನಾವು ಹೆಂಗ ತಿಳಕೋಬೇಕು?" ಎಂದರು. ಅಧ್ಯಕ್ಷರು ಅಕ್ಕೋರ ಕಡೆ ನೋಡಿದರು.

ಅಕ್ಕೋರು ಧ್ವನಿವರ್ಧಕದ ಮುಂದೆ ಬಂದರು. "ತಿಳಕೊಳ್ಳಾಕ ಒಂದ ದಾರಿ ಐತ್ರಿ. ನೀವೂ ಕಲೀಬೇಕು. ನಿಮ್ಮ ಮಕ್ಕಳ ಕಲಸ್ತಾರ" ಎಂದು, ಮಾಸೂರಿನ ಆ ಹುಡುಗಿಯನ್ನು ಕರೆದರು. ಹುಡುಗಿ ಇಳಿದು ಹೋಗಿ ತಾಯಿಯ ಕೈ ಹಿಡಿದು ವೇದಿಕೆಗೆ ತಂದಳು.

ಆ ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಳು. ಮಗಳು ಎದುರು ನಿಂತು, ಪುಸ್ತಕವಿಲ್ಲದೆ, ನಿಧಾನವಾಗಿ ಹೇಳಿದಳು: "ಜ ಮಾಪೆಲ್..." ನನ್ನ ಹೆಸರು, ಎಂದು ಅರ್ಥ. ಆಮೇಲೆ ತಾಯಿಯ ಹೆಸರು.

ತಾಯಿ ಮಾತಾಡಲಿಲ್ಲ.

ಸಭೆಯಲ್ಲಿ ಗುಸುಗುಸು ಎದ್ದಿತು. "ಪಾಪ, ಯಾಕ ಹತ್ತಿಸಿದ್ರು ಅಕೀನ್ನ" ಎಂದು ನನ್ನ ಹಿಂದೆ ಯಾರೋ ಅಂದರು. ಆ ತಾಯಿ ತಲೆ ತಗ್ಗಿಸಿ ಇಳಿದುಹೋದರೆ ಅಂದಿಗೆ ಫ್ರೆಂಚ್ ಮುಗಿದಂತೆ. ಅದಕ್ಕಿಂತ ಹೆಚ್ಚಾಗಿ, ನೆರೆದ ಜನರ ಎದುರು ಒಬ್ಬ ಹೆಣ್ಣುಮಗಳನ್ನು ನಾಚಿಸಿದಂತೆ. ಅಧ್ಯಕ್ಷರು ಮುಗಿಸಿರೆಂದು ಕೈಸನ್ನೆ ಮಾಡಿದರು. ನಾನು ಅಕ್ಕೋರನ್ನು ನೋಡಿದೆ. ಅವರು ವೇದಿಕೆಯ ಅಂಚಿನಲ್ಲಿ ಕೈಕಟ್ಟಿ ನಿಂತಿದ್ದರು. ತುಟಿ ಅಲುಗಲಿಲ್ಲ. ಒಂದು ಹೆಜ್ಜೆ ಮುಂದೆ ಬರಲಿಲ್ಲ. ಮಗುವೂ ಗಾಬರಿಯಾಗಲಿಲ್ಲ. ಮೊದಲು ಹೇಳಿದ ಅದೇ ನಿಧಾನದಲ್ಲಿ, ಅದೇ ದನಿಯಲ್ಲಿ ಮತ್ತೊಮ್ಮೆ ಹೇಳಿ, ಸುಮ್ಮನೆ ತಾಯಿಯ ಮುಖ ನೋಡುತ್ತ ನಿಂತಿತು.

ಸೆರಗು ಮೆಲ್ಲಗೆ ಬಾಯಿಂದ ಇಳಿಯಿತು. "ಜ ಮಾಪೆಲ್" ಎಂದು ಆಕೆ ತನ್ನ ಹೆಸರು ಹೇಳಿದಳು. ಮಗಳು ಎರಡು ಬೆರಳು ತೋರಿಸಿದಳು. ಎರಡನೆಯ ಸಲ ದನಿ ಕೊನೆಯ ಸಾಲಿನವರೆಗೆ ಮುಟ್ಟಿತು. ಮಗಳು ಮುಂದಿನದನ್ನು ಹೇಳಿದಳು: "ಜಾಬಿತ್ ಆ ಮಾಸೂರ್." ನಾನು ಮಾಸೂರಿನಲ್ಲಿ ಇರುತ್ತೇನೆ. ಆಕೆ ಅದನ್ನೂ ಎರಡು ಸಲ ಹೇಳಿ, ಊರ ಹೆಸರು ಕಿವಿಗೆ ಬಿದ್ದ ಸಂತೋಷಕ್ಕೋ ಏನೋ, ನಕ್ಕು, "ಇಷ್ಟನ? ಮುಂದಿಂದ ಹೇಳವಾ" ಎಂದಳು.

ಆಮೇಲಿನದನ್ನು ಕ್ರಮವಾಗಿ ಹೇಳಲಾರೆ... ಚಪ್ಪಾಳೆ ನಿಲ್ಲುವ ಮೊದಲೇ ತಾಯಂದಿರು ತಾವಾಗಿ ಎದ್ದು ಬಂದರು. ಒಬ್ಬ ಮುದುಕಿ ಮೊಮ್ಮಗನ ಹೆಗಲ ಮೇಲೆ ಕೈಯಿಟ್ಟು ಮೆಟ್ಟಿಲು ಹತ್ತಿದಳು. ಪ್ರಶ್ನೆ ಕೇಳಿದ ಆ ಗೊಬ್ಬರದಂಗಡಿಯವರನ್ನೂ ಅವರ ಮಗಳು ಬಿಡಲಿಲ್ಲ. ಅವರು ನಾಲಗೆ ತೊಡರಿ ನಿಂತಾಗ ಕೆಳಗಿನಿಂದ ಅವರ ಹೆಂಡತಿ, "ಅಂಗಡ್ಯಾಗ ಅಷ್ಟು ಮಾತಾಡ್ತೀರಿ, ಇಲ್ಲೇನಾತ್ರಿ ನಿಮಗ?" ಎಂದಳು. ಅವರೂ ನಕ್ಕು, ಎರಡು ಸಲ ಹೇಳಿಯೇ ಇಳಿದರು. ಫ್ರೆಂಚ್ ಬೇಕೇ ಬೇಡವೇ ಎಂದು ಅಂದು ಯಾರೂ ಕೇಳಲಿಲ್ಲ, ಯಾರೂ ಉತ್ತರಿಸಲೂ ಇಲ್ಲ. ಮುಂದಿನ ವರ್ಷ ತರಗತಿ ನಡೆಯಿತು.

ಹೊರಡುವಾಗ ಅಧ್ಯಕ್ಷರು ನನ್ನನ್ನು ತಡೆದು, "ಏನ್ರಿ ಆಚಾರ್ರ, ನಿಮ್ಮ ಮಠದ ಪಾಠ ಇಲ್ಲಿ ತಂದ್ರೇನು?" ಎಂದರು.

"ನಾ ತಂದಿಲ್ಲರಿ. ಅಕ್ಕೋರು ಒಯ್ದ್ರು" ಎಂದೆ. ಆ ಮಾತು ಹೇಳುವಾಗ ನನಗಾದ ಹೆಮ್ಮೆ ನನ್ನ ಸ್ವಂತ ಶಿಷ್ಯರು ಪರೀಕ್ಷೆಗಳಲ್ಲಿ ಗೆದ್ದಾಗಲೂ ಆಗಿರಲಿಲ್ಲ. ವಿದ್ಯೆಯನ್ನು ಕಾಪಾಡುವುದೆಂದರೆ ಕೆಡದಂತೆ ಮುಚ್ಚಿಡುವುದೆಂದು ನಮ್ಮ ಹಿರಿಯರು ಕೆಲವರು ತಿಳಿದಿದ್ದರು. ಅದು ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ಇಳಿಯುತ್ತಲೇ ಇರಬೇಕು. ಮಗಳ ಬಾಯಿಂದ ತಾಯಿಯ ಕಿವಿಗೂ ಇಳಿಯಬಹುದೆಂಬುದನ್ನು ನಾನು ಕಣ್ಣಾರೆ ಕಂಡದ್ದು ಅಲ್ಲಿ.

ಅಂದಿನಿಂದ ಪ್ರತಿ ವರ್ಷ ಫ್ರೆಂಚ್ ದಿನದಲ್ಲಿ ತಾಯಂದಿರ ಸಂಥೆ ತಪ್ಪದೆ ನಡೆಯಿತು. ಹಿರೇಕೆರೂರಿನ ಶಾಲೆಯೊಂದರಿಂದ ಬಂದು ನೋಡಿಹೋದವರೂ ಇದ್ದರು. ನನಗೆ ಪ್ರಯಾಣ ಆಗದಾಯಿತು, ಕೆಲಸ ಬಿಟ್ಟೆ. ಕೆಲವು ವರ್ಷಗಳ ಮೇಲೆ ಅಕ್ಕೋರಿಗೆ ದೊಡ್ಡ ಬೇನೆ ಎಂದು ತಿಳಿದು ತಡಸಕ್ಕೆ ಹೋದೆ.

ಪಡಸಾಲೆಯಲ್ಲಿ ಹೊರಸಿನ ಮೇಲೆ ಒರಗಿದ್ದರು. ಬಹಳ ಇಳಿದುಹೋಗಿದ್ದರು. ಅವರ ಅವ್ವ ಕಾಲ ಬಳಿ ಕುಳಿತಿದ್ದಳು. ನಾನು ಏನೇನೋ ಮಾತಾಡಿದೆ, ಮಕ್ಕಳ ಸುದ್ದಿ, ಊರ ಸುದ್ದಿ... ಮಾತು ಮುಗಿದ ಮೇಲೆ, "ಅಕ್ಕೋರ, ಎಲ್ಲಾರಿಗೂ ಹೇಳಿಸಿದ್ರಿ. ನನಗ ಒಂದೂ ಸಂಥಿ ಆಗಿಲ್ಲ" ಎಂದೆ.

"ನಿಮಗ ನಾ ಹೇಳೂದೇನ್ರಿ?" ಎಂದು ನಕ್ಕರು. ನಾನು ಪುಸ್ತಕವಿಲ್ಲದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಬಾಲ್ಯದಲ್ಲಿ ಗುರುಗಳ ಎದುರು ಕುಳಿತಂತೆ, ನೆಲದ ಮೇಲೆ ಕುಳಿತೆ. ಅವರು ಒಮ್ಮೆ ಹೇಳಿದರು: "ಜೇಕೂತ್." ನಾನು ಎರಡು ಸಲ ಹೇಳಿದೆ. ಸರಿಬರಲಿಲ್ಲ. ಅವರು ತಪ್ಪೆನ್ನಲಿಲ್ಲ. ಉಸಿರು ಸುಧಾರಿಸಿಕೊಂಡು ಮತ್ತೊಮ್ಮೆ ಹೇಳಿ, ಕಾದರು. ಈ ಸಲ ಸರಿಯಾಯಿತೆಂದು ಅವರ ಕಣ್ಣು ಹೇಳಿತು. ಅದೇ ಕೊನೆಯ ಭೇಟಿ.

ಶಾಲೆಯಲ್ಲಿ ಈಗ ಬೇರೆ ಅಕ್ಕೋರು ಇದ್ದಾರೆ. ಫ್ರೆಂಚ್ ದಿನ ನಡೆಯುತ್ತದೆ, ತಾಯಂದಿರು ವೇದಿಕೆ ಹತ್ತುತ್ತಾರೆ. ಅದನ್ನು ಯಾರು ತೊಡಗಿಸಿದರೆಂದು ಈಗಿನ ಮಕ್ಕಳಿಗೆ ಗೊತ್ತಿಲ್ಲ.

ಮೊನ್ನೆ ಮಹಾಲಯ ಅಮಾವಾಸ್ಯೆಯ ದಿನ ತರ್ಪಣಕ್ಕೆ ಕುಳಿತಿದ್ದೆ. ಮಂತ್ರ ಹೇಳಿಸುತ್ತಿದ್ದವನು ನನ್ನ ಅಣ್ಣನ ಮಗ. ತಂದೆ-ತಾಯಿ, ಬಂಧು-ಬಳಗ ಎಲ್ಲ ಮುಗಿದು ಗುರುಗಳ ಸರದಿ ಬಂತು. ನನ್ನ ಗುರುಗಳ ಹೆಸರಿನ ಹಿಂದೆಯೇ ನಾನು ಒಂದು ಹೊಸ ಹೆಸರು ಹೇಳಿದೆ. ಅವನು ಆ ಹೆಸರು ಯಾರದೆಂದು ನೆನಪಿಸಿಕೊಂಡು, "ಅವರು ನಿಮ್ಮ ಕಡೆ ಕಲತವರಲ್ಲಾ ಕಾಕಾ? ಶಿಷ್ಯರ ಸಾಲಿನಾಗ ಹೇಳಿಸಲೇನು?" ಎಂದ.

"ಇಲ್ಲೇ ಹೇಳಸು."

"ಗೋತ್ರ?"

"ತಿಳೀದವರಿಗೆ ಕಾಶ್ಯಪ ಹೇಳ್ತೇವಲ್ಲ, ಅದನ್ನ ಹೇಳು."

ಎಳ್ಳು ಬೆರೆಸಿದ ನೀರು ಬೆರಳ ಮೇಲಿಂದ ತಟ್ಟೆಗೆ ಇಳಿಯಿತು. ಆ ಹೆಸರನ್ನು ಗಟ್ಟಿಯಾಗಿ ಹೇಳುವಾಗ ನನಗೆ ತಿಳಿಯಿತು: ಅಕ್ಕೋರು ಇದ್ದಾಗ ಆ ಹೆಸರು ಹಿಡಿದು ನಾನು ಅವರನ್ನು ಒಮ್ಮೆಯೂ ಕರೆದಿರಲಿಲ್ಲ.